ಗುಲಾಬಿಗೆ ಧರ್ಮ, ಪುಟ್ಟಕ್ಕನಿಗೆ ಸಂಸಾರ

ಸಿನಿಮಾದ ಬಗ್ಗೆ ಅಧಿಕಾರದಿಂದ ಬರೆಯುವವರು ನಾವಲ್ಲ. ಕ್ಯಾಮೆರಾ, ಸಂಕಲನ, ಬೆಳಕು ಇತ್ಯಾದಿಗಳನ್ನು ಬಲ್ಲವರಿಗೇ ಬಿಡುತ್ತೇವೆ. ಬಿಡುವಾದಾಗ ನೋಡಿ, ನೋಡಿದ್ದರಲ್ಲಿ ಹೆಚ್ಚಿನದನ್ನು ಮರೆತು, ಮರೆಯಲಾಗದ್ದನ್ನು ನಾಲ್ಕು ಜನರೊಡನೆ ಮಾತಾಡುವ ಸಾಮಾನ್ಯ ಪ್ರೇಕ್ಷಕರು ನಾವು. ಉಡುಪಿಯ ಕಲ್ಪನಾ, ಅಲಂಕಾರ್ ಚಿತ್ರಮಂದಿರಗಳಲ್ಲಿ ಕೂತ ಕಾಲದಿಂದ ಮಣಿಪಾಲದ ಮಲ್ಟಿಪ್ಲೆಕ್ಸುಗಳ ಕಾಲದವರೆಗೆ ಬಂದು ಹೋದ ನಟಿಯರು ಎಷ್ಟೋ. ಅವರಲ್ಲಿ ಉಮಾಶ್ರೀ ಮಾತ್ರ ಬೇರೆ ಬೇರೆ ವೇಷಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. ಅವರ ಎರಡು ಪಾತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಪಾತ್ರಗಳಿಗಿಂತ ಹೆಚ್ಚಾಗಿ ನೋಡುವವರ ಗುಣ ಬಯಲಾಗುತ್ತದೆ. ಒಂದು, 2008ರ ‘ಗುಲಾಬಿ ಟಾಕೀಸ್’ ಚಿತ್ರದ ಗುಲಾಬಿ. ಇನ್ನೊಂದು, 2021ರ ಕೊನೆಯಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ.

ಮೊದಲು ಹಳೆಯ ಉಮಾಶ್ರೀ. ಕಾಶಿನಾಥರ ‘ಅನುಭವ’ (1984) ಚಿತ್ರದ ಪದ್ಮಿಯಿಂದ ಶುರುವಾಗಿ ಎಷ್ಟೋ ವರ್ಷ ಕನ್ನಡ ಚಿತ್ರರಂಗ ಆಕೆಯನ್ನು ನಗಿಸಲಿಕ್ಕೆಂದೇ ಇಟ್ಟುಕೊಂಡಿತು. ದ್ವಂದ್ವಾರ್ಥದ ಮಾತು, ಗಟ್ಟಿ ಗಂಟಲು, ಮೈಯನ್ನೇ ತಮಾಷೆ ಮಾಡುವ ದೃಶ್ಯ. ಮನೆಯ ಹಿರಿಯರು ಕೂತಲ್ಲಿ ಚಾನೆಲ್ ಬದಲಿಸಬೇಕಾಗುತ್ತಿತ್ತು, ನಿಜ. ಆದರೆ ಆ ನಗೆಯ ಸಮಯಪ್ರಜ್ಞೆ ಮಾತ್ರ ಅಸಾಧ್ಯವಾದದ್ದು. 1995ರ ‘ಪುಟ್ನಂಜ’ದಲ್ಲಿ ರವಿಚಂದ್ರನ್‌ಗೆ ಅಜ್ಜಿಯಾಗಿ ಬಂದರು. ಮೊಮ್ಮಗನಿಗಿಂತ ನಾಲ್ಕೇ ವರ್ಷ ದೊಡ್ಡ ಅಜ್ಜಿ! ಚಿತ್ರ ನೋಡಿದವರಲ್ಲಿ ಯಾರಿಗೂ ಆ ಲೆಕ್ಕ ನೆನಪಾಗಲಿಲ್ಲ. ನಾಯಕಿಯ ಮುಖ ಇಂದು ನಮಗೆ ಮಸುಕು ಮಸುಕು, ಅಜ್ಜಿಯ ಮುಖ ಹಾಗೇ ಇದೆ. ನಾಗತಿಹಳ್ಳಿ ಚಂದ್ರಶೇಖರರ ‘ಕೊಟ್ರೇಶಿ ಕನಸು’ (1994) ಚಿತ್ರದಲ್ಲಿ ದಲಿತ ಹುಡುಗನ ತಾಯಿಯಾಗಿ ಕಂಡಾಗ, ಈ ನಗೆಯ ಹಿಂದೆ ಬೇರೆ ಏನೋ ಇದೆ ಎಂದು ಗೊತ್ತಾಗಿತ್ತು. ರಂಗಭೂಮಿಯವರಿಗೆ ಅದು ಮೊದಲೇ ಗೊತ್ತಿತ್ತು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ, ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವನಾಗಿ ಉಮಾಶ್ರೀ ಮಾಡಿದ್ದನ್ನು ಕಂಡವರು ಇಂದಿಗೂ ಹೇಳುತ್ತಾರೆ.

ಗಿರೀಶ ಕಾಸರವಳ್ಳಿಯವರು ಗುಲಾಬಿಯ ಪಾತ್ರಕ್ಕೆ ಈಕೆಯನ್ನು ಕರೆದದ್ದು ಸಾಕವ್ವನನ್ನು ನೆನೆದೋ ಪದ್ಮಿಯನ್ನು ನೆನೆದೋ ನಾವು ಹೇಳಲಾರೆವು. ಎರಡೂ ಇದ್ದಿರಬೇಕು ಎಂದು ಚಿತ್ರ ನೋಡಿದರೆ ಅನ್ನಿಸುತ್ತದೆ. ಮೂಲಕಥೆ ನಮ್ಮ ಮಣಿಪಾಲದಲ್ಲಿ ನೆಲೆಸಿರುವ, ಕುಂದಾಪುರದ ಮಗಳಾದ ವೈದೇಹಿಯವರದು. ಅವರ ಕಥೆಯಲ್ಲಿ ಗುಲಾಬಿ ಎಂಬುದು ಊರಿಗೆ ಬಂದ ಟಾಕೀಸಿನ ಹೆಸರು, ಅಲ್ಲಿ ಗೇಟು ಕಾಯುವವಳು ಲಿಲ್ಲೀಬಾಯಿ ಎಂಬ ಸೂಲಗಿತ್ತಿ. ಕಾಸರವಳ್ಳಿ ಟಾಕೀಸಿನ ಹೆಸರನ್ನು ಹೆಣ್ಣಿಗೆ ಕೊಟ್ಟರು, ಟಾಕೀಸಿನ ಜಾಗಕ್ಕೆ ಟಿವಿ ತಂದರು, ಸೂಲಗಿತ್ತಿಯನ್ನು ಮುಸ್ಲಿಂ ಮಾಡಿದರು, ಕಥೆಯನ್ನು 1999ರ ಕಾರ್ಗಿಲ್ ಯುದ್ಧದ ಹೊತ್ತಿನ ಕುಂದಾಪುರದ ಕಡಲ ಬದಿಯ ನಡುಗಡ್ಡೆಗೆ ಒಯ್ದರು. ಇಷ್ಟು ಬದಲಾದ ಮೇಲೆ ಉಳಿದದ್ದೇನು ಎಂದು ಸಾಹಿತ್ಯದವರು ಕೇಳಬಹುದು. ಉಳಿದದ್ದು ಮುಖ್ಯವಾದದ್ದೇ: ತೆರೆಯ ಮುಂದೆ ಕೂತ ಹೆಂಗಸಿನ ಸುಖ.

ಗುಲಾಬಿಯ ಗಂಡ ಮೂಸಾ ಸಣ್ಣ ಮೀನು ವ್ಯಾಪಾರಿ. ಅವನು ಈಕೆಯನ್ನು ಬಿಟ್ಟು ಎರಡನೆಯ ಹೆಂಡತಿ ಕುಂಞಿಪಾತುವಿನೊಡನೆ ಇದ್ದಾನೆ. ಗುಲಾಬಿಗೆ ಇರುವುದು ಹೆರಿಗೆ ಮಾಡಿಸುವ ಕೈಗುಣ ಮತ್ತು ಸಿನಿಮಾದ ಹುಚ್ಚು. ಹೆರಿಗೆ ಮಾಡಿಸಿದ ಉಪಕಾರಕ್ಕೆ ಒಂದು ಕುಟುಂಬ ಆಕೆಗೆ ಬಣ್ಣದ ಟಿವಿಯನ್ನೂ ಡಿಶ್ ಆಂಟೆನಾವನ್ನೂ ಕೊಡುತ್ತದೆ. ಗಂಡಸರು ಕಡಲಿಗಿಳಿದ ಹೊತ್ತಿನಲ್ಲಿ ಊರ ಹೆಂಗಸರು ಅವಳ ಗುಡಿಸಲಿಗೆ ಬರುತ್ತಾರೆ. ಕೆಲವರು ಬರುವುದಿಲ್ಲ, ಏಕೆಂದರೆ ಅದು ಮುಸ್ಲಿಂ ಮನೆ. ಇನ್ನು ಕೆಲವರು ಒಳಗೆ ಕಾಲಿಡದೆ ಹೊರಗಿನಿಂದಲೇ ನೋಡುತ್ತಾರೆ. ಮಡಿಯೂ ಉಳಿಯಿತು, ಸಿನಿಮಾವೂ ಸಿಕ್ಕಿತು! ಕರಾವಳಿಯ ಬದುಕನ್ನು ಬಲ್ಲವರಿಗೆ ಈ ಹೊರಗೆ ನಿಂತವರು ಬಹಳ ಗುರುತಿನವರು. ಊರಿನ ಮೊದಲ ಟಿವಿ, ಮೊದಲ ವಿಸಿಆರ್ ಎಷ್ಟೋ ಕಡೆ ಗಲ್ಫಿಗೆ ಹೋದವರ ಮನೆಗೇ ಬಂದದ್ದು. ಅತ್ತ ಜುಮಾ ಪ್ರವಚನದಲ್ಲಿ ಟಿವಿಯ ಕೇಡಿನ ಬಗ್ಗೆ ಎಚ್ಚರಿಕೆ, ಇತ್ತ ಅದೇ ಟಿವಿಯ ಮುಂದೆ ನೆರೆಯ ಅಕ್ಕಂದಿರಿಗೂ ನಮ್ಮ ಮನೆಯವರಿಗೂ ಒಂದೇ ಚಾಪೆ.

ಈ ಭಾಗದಲ್ಲಿ ಉಮಾಶ್ರೀಯವರ ಅಭಿನಯ ನಮಗೆ ಅತ್ಯಂತ ಇಷ್ಟವಾದದ್ದು. ತೆರೆಯ ಮೇಲಿನ ಮುಸ್ಲಿಂ ಹೆಂಗಸು ಎಂದರೆ ಸಾಮಾನ್ಯವಾಗಿ ಅಳುವವಳು, ಇಲ್ಲವೆ ಬುರ್ಖಾದೊಳಗಿಂದ ಕಣ್ಣು ಮಾತ್ರ ಕಾಣಿಸುವವಳು. ಆಕೆಯನ್ನು ನಾವು ನೋಡುತ್ತೇವೆ, ಆಕೆ ಏನನ್ನೂ ನೋಡುವುದಿಲ್ಲ. ಗುಲಾಬಿ ನೋಡುತ್ತಾಳೆ. ಆಸೆಯಿಂದ, ಸ್ವಲ್ಪವೂ ನಾಚಿಕೆಯಿಲ್ಲದೆ. ಹಿಂದೆ ಅಗ್ಗದ ಹಾಸ್ಯಕ್ಕೆ ಬಳಕೆಯಾದ ಅದೇ ಗಟ್ಟಿ ದನಿ ಇಲ್ಲಿ ಕುಂದಾಪುರ ಕನ್ನಡದಲ್ಲಿ ಊರ ಹೆಂಗಸರೊಡನೆ ಸಲಿಗೆಯಿಂದ ಮಾತಾಡುತ್ತದೆ. ಗಂಡ ಬಿಟ್ಟವಳು ಎಂಬ ಕರುಣೆಯನ್ನು ಆಕೆ ನಮ್ಮಿಂದ ಬೇಡುವುದಿಲ್ಲ. 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಈ ಪಾತ್ರಕ್ಕೆ ಬಂದದ್ದು ತೀರಾ ಸರಿ.

ಮುಂದೆ ಕಥೆ ಕಪ್ಪಾಗುತ್ತದೆ. ದೊಡ್ಡ ಯಾಂತ್ರಿಕ ದೋಣಿಗಳು ಬಂದು ಸಣ್ಣ ಮೀನುಗಾರರ ಹೊಟ್ಟೆಗೆ ಕಲ್ಲು ಬೀಳುತ್ತದೆ. ದೋಣಿಯ ಯಜಮಾನ ಸುಲೇಮಾನನಾದ್ದರಿಂದ ಮೀನಿನ ಜಗಳ ಧರ್ಮದ ಜಗಳವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಹೆಂಗಸರಿಗೆ ಲೋಕವನ್ನು ತೆರೆದ ಅದೇ ಪೆಟ್ಟಿಗೆಯೊಳಗಿಂದ ಕಾರ್ಗಿಲ್ ಯುದ್ಧವೂ ನಡುಗಡ್ಡೆಗೆ ಬಂದಿಳಿಯುತ್ತದೆ. ಅತ್ತೆಯ ಕಾಟದಲ್ಲಿ ಬೇಯುವ, ಗಂಡ ದೂರದಲ್ಲಿರುವ ನೇತ್ರು ಎಂಬ ಹುಡುಗಿ (ಎಂ.ಡಿ. ಪಲ್ಲವಿ) ಕಾಣೆಯಾದಾಗ ತಪ್ಪು ಗುಲಾಬಿಯ ತಲೆಗೆ. ಬೇರೆ ಮುಸ್ಲಿಮರು ಊರು ಬಿಡುತ್ತಾರೆ, ಈಕೆ ಬಿಡುವುದಿಲ್ಲ. ಕೊನೆಗೆ ಬಲವಂತದಿಂದ ದೋಣಿ ಹತ್ತಿಸುತ್ತಾರೆ. ಟಿವಿ ಮಾತ್ರ ಇಲ್ಲೇ ಇರಲಿ ಎನ್ನುತ್ತಾರೆ ಹುಡುಗರು. ಅದುವರೆಗೆ ಆ ಕಡೆ ತಲೆಹಾಕದ ಇಬ್ಬರು ಮುದುಕಿಯರು ಗುಲಾಬಿಯಿಲ್ಲದ ಮನೆಯೊಳಗೆ ಟಿವಿ ನೋಡಲು ಹೋಗುತ್ತಾರೆ. ಇಷ್ಟು ಸದ್ದಿಲ್ಲದ ಹೊರದಬ್ಬುವಿಕೆಯನ್ನು ಕನ್ನಡ ತೆರೆಯ ಮೇಲೆ ನಾವು ಬೇರೆಲ್ಲೂ ನೋಡಿಲ್ಲ.

ಒಂದು ತಕರಾರೂ ಇದೆ. ಗುಲಾಬಿಗೆ ನೆರೆಯ ಹಿಂದೂ ಹೆಂಗಸರು ಎಷ್ಟು ಹತ್ತಿರವೋ ಅಷ್ಟೇ ದೂರ ಆಕೆಯದೇ ಸಮುದಾಯದ ಹೆಂಗಸರು. ಕರಾವಳಿಯಲ್ಲಿ ಗಂಡ ಬಿಟ್ಟ ಮುಸ್ಲಿಂ ಹೆಣ್ಣಿನ ಸುತ್ತ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಒಂದು ಜಮಾಅತ್ ಇರುತ್ತದೆ, ಬುದ್ಧಿ ಹೇಳುವ ಚಿಕ್ಕಮ್ಮಂದಿರಿರುತ್ತಾರೆ, ಬಾಗಿಲ ಸಂದಿಯಿಂದ ನೋಡುವ ಕಣ್ಣುಗಳಿರುತ್ತವೆ. ಬಿಡುವವರೂ ಅವರೇ, ಅಕ್ಕಿ ತಂದು ಕೊಡುವವರೂ ಅವರೇ. ಆ ಮನೆಗಳ ಒಳಗು ಚಿತ್ರದಲ್ಲಿ ಸಾಲದು. ಇದ್ದಿದ್ದರೆ ಗುಲಾಬಿ ಊರು ಬಿಡಲೊಪ್ಪದ್ದರ ತೂಕ ಇನ್ನಷ್ಟು ತಿಳಿಯುತ್ತಿತ್ತು.

ಇನ್ನು ಪುಟ್ಟಕ್ಕ. ಮೂರು ಹೆಣ್ಣು ಹೆತ್ತಳೆಂದು ಗಂಡ ಈಕೆಯನ್ನು ಬಿಟ್ಟು ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ. ಪುಟ್ಟಕ್ಕ ಮೆಸ್ ನಡೆಸಿ, ಅನ್ನ ಬಡಿಸಿ ಮಕ್ಕಳನ್ನು ಸಾಕುತ್ತಾಳೆ. ಕಾರ್ಕಳದ ಉರ್ದು ಮಾತಿನ ಮನೆಗಳಲ್ಲೂ ಕಾಪುವಿನ ಬ್ಯಾರಿ ಮನೆಗಳಲ್ಲೂ ಮಗ್ರಿಬ್ ನಮಾಜ್ ಮುಗಿದ ಮೇಲೆ ಈಕೆಗಾಗಿ ಕಾದು ಕೂತವರಿದ್ದರು. ಧಾರಾವಾಹಿಯಾಗಿ ನಮಗೆ ಅದು ಬೇಗ ಬೇಸರ ತರಿಸಿತು. ನೂರಾರು ಕಂತು ಎಳೆದಾಗ ಎಂಥ ನಟಿಯ ಮುಖದಲ್ಲೂ ಮೂರು ಭಾವ ಮಾತ್ರ ಉಳಿಯುತ್ತವೆ, ಉಳಿದ ಕೆಲಸವನ್ನು ಹಿನ್ನೆಲೆ ಸಂಗೀತ ಮಾಡುತ್ತದೆ. ಆದರೂ ಮೊದಲ ದಿನಗಳ ಪುಟ್ಟಕ್ಕನ ನಡಿಗೆ, ಬೆವರು, ಬಡಿಸುವ ಕೈ ನಿಜವಾದವು.

ಈಗ ಮೂರನೆಯವಳೊಬ್ಬಳನ್ನು ಕರೆಯಬೇಕು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಕಾಸರವಳ್ಳಿಯವರು 2004ರಲ್ಲಿ ಮಾಡಿದ ‘ಹಸೀನಾ’. ಅಲ್ಲಿಯೂ ಹೆಣ್ಣುಮಕ್ಕಳ ತಾಯಿ, ಅಲ್ಲಿಯೂ ಬಿಟ್ಟುಹೋದ ಗಂಡ, ಅಲ್ಲಿ ಅವನು ರಿಕ್ಷಾ ಓಡಿಸುತ್ತಾನೆ. ತಾರಾ ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಬಾನು ಅವರ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಈ ಕಥೆಯೂ ಅದರಲ್ಲಿತ್ತು. ಹಸೀನಾಳ ಕಥೆಯೂ ಪುಟ್ಟಕ್ಕನ ಕಥೆಯೂ ಬುಡದಲ್ಲಿ ಒಂದೇ. ಆದರೆ ಹಸೀನಾಳನ್ನು ನೋಡಿ ಬಂದ ಸ್ನೇಹಿತರು ಮುಸ್ಲಿಂ ಪ್ರೇಕ್ಷಕನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮಲ್ಲಿ ಯಾಕೆ ಹೀಗೆ?” ಎಂದು ಕೇಳುತ್ತಾರೆ. ಪುಟ್ಟಕ್ಕನನ್ನು ವರ್ಷಗಟ್ಟಲೆ ನೋಡಿದ ಯಾರೂ ನೆರೆಮನೆಯ ಶೆಟ್ಟರನ್ನೋ ಪೂಜಾರಿಯವರನ್ನೋ ಹಾಗೆ ಕೇಳಿದ್ದನ್ನು ನಾವು ಕೇಳಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡನೆಯ ಮದುವೆಗೆ ಅವಕಾಶವಿಲ್ಲ ಎಂಬುದು ಆ ಮನೆಯ ಟಿವಿಯ ಮುಂದೆ ಯಾರಿಗೂ ನೆನಪಾಗುವುದಿಲ್ಲ. ಹಸೀನಾ ಶರೀಅತ್ತಿನ ಸಮಸ್ಯೆ, ಮೂಸಾ ಮುಸ್ಲಿಂ ಗಂಡ, ಪುಟ್ಟಕ್ಕನ ಯಜಮಾನರು ಬರೇ ಗಂಡ. ಒಬ್ಬಳೇ ನಟಿ ಬಿಟ್ಟ ಹೆಂಡತಿಯ ಪಾತ್ರವನ್ನು ಎರಡು ಸಲ ಮಾಡಿದ್ದಾಳೆ. ತಲೆಯ ಮೇಲೆ ಸೆರಗು ಎಳೆದುಕೊಂಡಾಗ ಅದು ಧರ್ಮದ ಪ್ರಶ್ನೆಯಾಗುತ್ತದೆ, ಎಳೆಯದಿದ್ದಾಗ ಸಂಸಾರದ ಕಥೆಯಾಗುತ್ತದೆ.

ಹಾಗೆಂದು ನಮ್ಮ ಜಮಾಅತ್‌ಗಳು ಹಸೀನಾಳ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ. ಮುತವಲ್ಲಿಯ ಮುಂದೆ ಆಕೆ ಕೇಳಿದ್ದು ಜೀವನಾಂಶ. 2019ರ ತಲಾಕ್ ಕಾನೂನು ಮೂರು ಸಲ ಹೇಳಿದವನನ್ನು ಜೈಲಿಗೆ ಕಳಿಸುತ್ತದೆ, ಏನೂ ಹೇಳದೆ ಎದ್ದು ಹೋದವನಿಂದ ಅನ್ನ ಕೊಡಿಸುವುದಿಲ್ಲ. ಮೂಸಾನೂ ಪುಟ್ಟಕ್ಕನ ಗಂಡನೂ ಎದ್ದು ಹೋದವರೇ.

ಮುಸ್ಲಿಂ ಪಾತ್ರವನ್ನು ಮುಸ್ಲಿಮೇತರರು ಮಾಡುವುದರ ಬಗ್ಗೆ ನಮ್ಮಲ್ಲಿ ಆಗಾಗ ಗೊಣಗಾಟ ಕೇಳುತ್ತದೆ. ಹಸೀನಾಗೆ ತಾರಾ, ಗುಲಾಬಿಗೆ ಉಮಾಶ್ರೀ, 2011ರ ‘ಬ್ಯಾರಿ’ಗೆ ಕೇರಳದ ಮಲ್ಲಿಕಾ. ನಮ್ಮ ಹೆಣ್ಣುಮಕ್ಕಳು ಮಣಿಪಾಲದಲ್ಲಿ ಡಾಕ್ಟರಾಗುತ್ತಾರೆ, ಎಂಜಿನಿಯರಾಗುತ್ತಾರೆ. ಬಣ್ಣ ಹಚ್ಚಲು ಎಷ್ಟು ಮನೆಗಳು ಕಳಿಸುತ್ತವೆ? ಗೊಣಗುವವರು ಮೊದಲು ಅದನ್ನು ಹೇಳಲಿ. ಸಾಕವ್ವನನ್ನು ಬಲ್ಲವಳಿಗೆ ಗುಲಾಬಿ ದೂರದವಳಲ್ಲ. ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’ (2010) ಚಿತ್ರದಲ್ಲಿ ಗೋರಿ ತೋಡುವವನ ಹೆಂಡತಿ ರುದ್ರಿಯಾಗಿಯೂ ಅವರು ಅಷ್ಟೇ ಸಲೀಸು, ಆ ಚಿತ್ರ ನಮ್ಮನ್ನು ಅಷ್ಟು ಹಿಡಿಯಲಿಲ್ಲವಾದರೂ.

ಗುಲಾಬಿಯನ್ನು 2008ರಲ್ಲಿ ನೋಡಿದವರಿಗೆ ಅದು ಸ್ವಲ್ಪ ಹೆಚ್ಚಾಯಿತು ಅನ್ನಿಸಿರಬಹುದು. 2022ರ ಆರಂಭದಲ್ಲಿ ಉಡುಪಿಯ ಸರಕಾರಿ ಕಾಲೇಜಿನ ಹುಡುಗಿಯರು ಸ್ಕಾರ್ಫ್ ಹಾಕಿದ್ದಕ್ಕೆ ತರಗತಿಯ ಹೊರಗೆ ಕೂತರು. ಅದೇ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಕೊಡಲಿಲ್ಲ. ಅದೇ ಗುಡಿಯಲ್ಲಿ ಮುಸ್ಲಿಂ ಮನೆತನವೊಂದು ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದಿದೆ. ವ್ಯಾಪಾರಿ ಬೇಡ, ವಾದ್ಯ ಇರಲಿ. ಗುಲಾಬಿ ಬೇಡ, ಟಿವಿ ಇರಲಿ. ಚಿತ್ರಕಥೆ ಬರೆದವರು ಭವಿಷ್ಯ ಹೇಳಿದವರಲ್ಲ. ಆಗಲೇ ನಡೆಯುತ್ತಿದ್ದುದನ್ನು ಕಣ್ಣುಬಿಟ್ಟು ನೋಡಿದರು, ಅಷ್ಟೆ.

ಪುಟ್ಟಕ್ಕನನ್ನು ದಿನವೂ ಮನೆಯೊಳಗೆ ಕರೆದ ನಮ್ಮ ಹೆಂಗಸರಲ್ಲಿ ಗುಲಾಬಿಯನ್ನು ಕಂಡವರು ಬಹಳ ಕಡಿಮೆ. ಪ್ರಶಸ್ತಿ ಪಡೆದ ಚಿತ್ರಗಳ ಹಣೆಬರಹವೇ ಅದು: ಚಿತ್ರೋತ್ಸವಕ್ಕೆ ಹೋಗುತ್ತವೆ, ಊರಿಗೆ ಬರುವುದಿಲ್ಲ. ತೆರೆಯ ಮುಂದೆ ಕೂತು ಸುಖಪಡುವ ಹೆಣ್ಣಿನ ಚಿತ್ರವನ್ನು ಅಂಥ ಹೆಂಗಸರೇ ನೋಡಿಲ್ಲ. ಉಡುಪಿ, ಮಣಿಪಾಲದ ಚಿತ್ರಾಸಕ್ತ ಗೆಳೆಯರು ಮನಸ್ಸು ಮಾಡಿದರೆ ಕಾಪುವಿನಲ್ಲೋ ಕಾರ್ಕಳದಲ್ಲೋ ಒಂದು ಮದುವೆ ಹಾಲ್ ಸಾಕು. ಚಿತ್ರ ಸುಮಾರು ಎರಡು ಗಂಟೆಯದು, ಅಸರ್ ಮತ್ತು ಮಗ್ರಿಬ್ ನಡುವೆ ಮುಗಿಯುತ್ತದೆ. ನೆರೆಯ ಅಕ್ಕಂದಿರನ್ನೂ ಕರೆಯಬೇಕು. ಗಂಡಸರು ಬರುವುದಾದರೆ ಹೊರಗಿನಿಂದ ನಿಂತು ನೋಡಲಿ.