ಕೊನೆಯ ಹತ್ತು ನಿಮಿಷದ ಕಲ್ಪನಾ

ಹೋದ ತಿಂಗಳು ಆಫೀಸಿನಲ್ಲಿ ಒಂದು ರಿಲೀಸ್ ಕೈಕೊಟ್ಟಿತು. ರಾತ್ರಿ ಒಂಬತ್ತು ಗಂಟೆ, ಕ್ಲೈಂಟ್ ಲೈನಿನಲ್ಲಿದ್ದಾನೆ, ನನ್ನೆದುರು ಕೂತ ಹುಡುಗಿ ತಾಳ್ಮೆ ಕಳೆದುಕೊಂಡು ಜೋರಾಗಿ ಮಾತಾಡಿದಳು. ಅವಳು ಎದ್ದು ಹೊರಗೆ ಹೋದದ್ದೇ ತಡ, ನಮ್ಮ ಟೀಮಿನ ಮಿಮಿಕ್ರಿ ಕಲಾವಿದ ಕೂದಲು ಕೆದರಿಕೊಂಡು, ಕಣ್ಣರಳಿಸಿ, ಉಸಿರು ಎಳೆದೆಳೆದು ಒಂದು ನಗು ನಕ್ಕ. 'ಶರಪಂಜರ ಶುರು' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೇಳಿದೆ, ಸಿನಿಮಾ ನೋಡಿದೀಯೇನೋ ಅಂತ. 'ಇಲ್ಲ ಗುರು, ಟೀವಿ ಕಾಮಿಡಿ ಶೋನಲ್ಲಿ ನೋಡಿದ್ದು.' ಅವನು ಹುಟ್ಟಿದ್ದೇ ಕಲ್ಪನಾ ತೀರಿಕೊಂಡು ಐದಾರು ವರ್ಷವಾದ ಮೇಲೆ.

ಹಾಗೆ ನೋಡಿದರೆ ನಾನು ನೋಡಿದ್ದೂ ಅಷ್ಟೇ. ಚಿಕ್ಕವನಿದ್ದಾಗ ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ಪೇಟೆಯಿಂದ ಕಲರ್ ಟೀವಿ, ವಿಸಿಪಿ ಬಾಡಿಗೆಗೆ ತರಿಸೋರು. ಒಂದು ರಾತ್ರಿಗೆ ಮೂರು ಸಿನಿಮಾ. ದೇವರ ಲೆಕ್ಕಕ್ಕೆ 'ಭಕ್ತ ಪ್ರಹ್ಲಾದ', ಗಂಡಸರ ಲೆಕ್ಕಕ್ಕೆ 'ಸಂಪತ್ತಿಗೆ ಸವಾಲ್', ಕೊನೆಗೆ ಹೆಂಗಸರು ಕೇಳಿದ್ದು ಅಂತ 'ಶರಪಂಜರ'. ಮೂರನೆಯದು ಶುರುವಾಗುವ ಹೊತ್ತಿಗೆ ಚಾಪೆ ಮೇಲೆ ನನಗೆ ನಿದ್ದೆ. ಗಲಾಟೆಗೆ ಎಚ್ಚರವಾದಾಗ ಪರದೆ ಮೇಲೆ ಕಲ್ಪನಾ ನಗುತ್ತಿದ್ದಳು. ಗಲಾಟೆ ಮಾತ್ರ ಪರದೆಯದ್ದಲ್ಲ. ಅದನ್ನು ಆಮೇಲೆ ಹೇಳ್ತೀನಿ.

ಆ ಶನಿವಾರವೇ ಮೆಜೆಸ್ಟಿಕ್ಕಿಗೆ ಹೋಗಿ ಒಂದು ಚೀಲ ವಿಸಿಡಿ ತಂದೆ. 'ಹಳೇ ಕಲ್ಪನಾ ಸಿನಿಮಾ ಏನೇನಿದೆಯೋ ಎಲ್ಲಾ ಕೊಡಿ' ಅಂದಾಗ ಅಂಗಡಿಯವರು 'ಮನೇಲಿ ಅಜ್ಜಿ ಬಂದಿದಾರಾ ಸಾರ್' ಅಂತ ಕೇಳಿದರು. ಈ ವಿಸಿಡಿಗಳ ಬಗ್ಗೆಯೇ ಒಂದು ಪುರಾಣ ಬರೀಬಹುದು. ಕವರಿನ ಮೇಲೆ ಬಣ್ಣದ ಚಿತ್ರ, ಒಳಗೆ ಕಪ್ಪು ಬಿಳುಪು. ನಾಯಕಿ ಅಳುತ್ತಿದ್ದರೆ ಅವಳ ಕೆನ್ನೆಯ ಮೇಲೇ ಕಂಪನಿಯ ಲೋಗೋ ಗಿರಗಿರ ತಿರುಗುತ್ತದೆ. ಸಿನಿಮಾ ಎರಡು ಡಿಸ್ಕಿನಲ್ಲಿ ಕೂರಬೇಕಲ್ಲ, ಮಾತಿನ ನಡುವೆಯೇ ಕತ್ತರಿಸಿರುತ್ತಾರೆ. ನಾಯಕ ಬಾಯಿ ತೆರೆಯುತ್ತಾನೆ, ನೀವೆದ್ದು ಹೋಗಿ ಡಿಸ್ಕು ಬದಲಾಯಿಸಿ ಬಂದ ಮೇಲೆ ಉಳಿದದ್ದು ಹೇಳುತ್ತಾನೆ. ಆದರೂ ಒಂದು ಉಪಕಾರವಿದೆ. ಥಿಯೇಟರಿನಲ್ಲಿ ಸಿಗದ ರಿವೈಂಡ್ ಬಟನ್ ನಮ್ಮ ಕೈಯಲ್ಲಿರುತ್ತದೆ. ಡಬ್ಬಾ ಹೊಡೆದು ಹೊಡೆದು ನಮ್ಮ ತಲೆಯಲ್ಲಿ ಉಳಿದಿರುವ ಕಲ್ಪನಾ ಮತ್ತು ನಿಜವಾಗಿ ರೀಲಿನಲ್ಲಿರುವ ಕಲ್ಪನಾ, ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

'ಬೆಳ್ಳಿಮೋಡ'ದಿಂದ ಶುರು ಮಾಡಿದೆ. 1967ರದ್ದು, ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ಹೆಸರು ಮಾಡಿದ ಚಿತ್ರ, ತ್ರಿವೇಣಿಯವರ ಕಾದಂಬರಿ. ಬೇಂದ್ರೆಯವರ 'ಬೆಳಗು' ಕವಿತೆ ಹಾಡಾಗಿರುವುದು ಇದರಲ್ಲೇ. ಕಥೆ ನಿಮಗೆ ಗೊತ್ತಿರಬಹುದು. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಮೋಹನನಿಗೆ ಅವಳ ಜೊತೆ ಮದುವೆ ಗೊತ್ತಾಗಿರುತ್ತದೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತು ಅಂತ ಮೋಹನ ಮದುವೆ ಬೇಡವೆನ್ನುತ್ತಾನೆ. ಮುಂದೆ ಅವನೇ ಕಾಲು ಮುರಿದುಕೊಂಡು ಬಿದ್ದಾಗ ಅವನ ಆರೈಕೆ ಮಾಡುವವಳೂ ಇವಳೇ. ಆಗ ಅವನಿಗೆ ಪ್ರೀತಿ ಉಕ್ಕುತ್ತದೆ. ಇವಳು ಒಲ್ಲೆ ಎನ್ನುತ್ತಾಳೆ.

ಆ 'ಒಲ್ಲೆ'ಯನ್ನು ನಾನು ಮೂರು ಸಲ ಹಿಂದೆ ಓಡಿಸಿ ನೋಡಿದೆ. ಅದರಲ್ಲಿ ಸೇಡಿಲ್ಲ. ಸೇಡು ತೀರಿಸಿಕೊಂಡ ಖುಷಿ ಮುಖದಲ್ಲಿ ಒಂದು ಚೂರು ಕಂಡಿದ್ದರೂ ಸಿನಿಮಾ ಚಪ್ಪಾಳೆಯ ಸಿನಿಮಾ ಆಗಿಬಿಡುತ್ತಿತ್ತು. ಕಲ್ಪನಾ ಅದನ್ನು ಸುಸ್ತಾದವಳ ಹಾಗೆ ಮಾಡುತ್ತಾಳೆ. ಇವನು ಕೆಟ್ಟವನು ಅಂತಲ್ಲ. ಇವನ ಮೇಲೆ ಇಡಬೇಕಾಗಿದ್ದ ನಂಬಿಕೆ ತನ್ನಲ್ಲಿ ಖಾಲಿಯಾಗಿದೆ, ಅಷ್ಟೇ. ಪಂಡರಿಬಾಯಿ, ಅಶ್ವತ್ಥ್, ಕಲ್ಯಾಣ್‌ಕುಮಾರ್‌ರಂಥ ಪಳಗಿದವರ ನಡುವೆ ಆಕೆ ಆಗಿನ್ನೂ ಹೊಸಬಳೇ. ಪಂತುಲು ಅವರ 'ಸಾಕು ಮಗಳು' ಚಿತ್ರದಲ್ಲಿ ಪರದೆಗೆ ಬಂದು ನಾಲ್ಕೇ ವರ್ಷವಾಗಿತ್ತು.

ಎರಡನೆಯ ದಿನದ ಸಿನಿಮಾ ಬಗ್ಗೆ ನನಗೆ ನಿರೀಕ್ಷೆಯೇ ಇರಲಿಲ್ಲ. 'ಉಯ್ಯಾಲೆ', 1969. ಚದುರಂಗರ ಕಾದಂಬರಿ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ರಾಜ್‌ಕುಮಾರ್ ಇದ್ದೂ ಹೊಡೆದಾಟವಿಲ್ಲದ ಸಿನಿಮಾ. ಗಂಡ ಪುಸ್ತಕದಲ್ಲಿ ಮುಳುಗಿದ ಮೇಷ್ಟ್ರು (ಅಶ್ವತ್ಥ್), ಒಳ್ಳೆಯವನೇ, ಆದರೆ ಹೆಂಡತಿ ಪಕ್ಕದಲ್ಲಿದ್ದಾಳೆ ಅನ್ನೋದೇ ಅವನಿಗೆ ನೆನಪಿರುವುದಿಲ್ಲ. ಮನೆಗೆ ಇನ್ನೊಬ್ಬ ಬರುತ್ತಾನೆ, ಅವಳ ಮನಸ್ಸು ಅತ್ತ ತೂಗುತ್ತದೆ. ಆ ಕಾಲದಲ್ಲೇ, ಅದೂ ರಾಜ್‌ಕುಮಾರ್ ಚಿತ್ರದಲ್ಲಿ, ಮದುವೆಯಾದ ಹೆಂಗಸಿನ ಒಂಟಿತನವನ್ನು ಯಾರನ್ನೂ ಖಳರನ್ನಾಗಿ ಮಾಡದೆ ತೋರಿಸಿದ್ದಾರೆ! ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು, ಹೆಂಡತಿ ಊಟಕ್ಕೆ ಕರೆದರೆ 'ಐದು ನಿಮಿಷ' ಅನ್ನುವ ನಮ್ಮಂಥವರು ನೋಡಲೇಬೇಕಾದದ್ದು. ನನ್ನ ಹೆಂಡತಿ ನೋಡಿದಳು. ಏನೂ ಹೇಳಲಿಲ್ಲ. ಊಟಕ್ಕೆ ಮಾತ್ರ ಒಂದೇ ಸಲ ಕರೆದಳು.

ಮಿಮಿಕ್ರಿಯವರಿಗೆ ಈ ಚಿತ್ರದಿಂದ ಏನೂ ಸಿಗುವುದಿಲ್ಲ. ಇಲ್ಲಿ ಕಲ್ಪನಾ ಕೂಗುವುದಿಲ್ಲ, ಕಾಯುತ್ತಾಳೆ. ಕಾಯುವುದನ್ನು ಡಬ್ಬಾ ಹೊಡೆಯುವುದು ಹೇಗೆ?

ಎಲ್ಲವೂ ಚೆನ್ನಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. 'ಗಂಧದ ಗುಡಿ'ಯಲ್ಲಿ (1973) ಆಕೆ ಇದ್ದಳು ಅನ್ನೋದೇ ಬಹಳ ಜನಕ್ಕೆ ನೆನಪಿಲ್ಲ. ನೆನಪಿರುವಂಥದ್ದನ್ನು ಆಕೆಗೆ ಕೊಟ್ಟೂ ಇಲ್ಲ. ಕಾಡು, ಆನೆ, ಇಬ್ಬರು ಹೀರೋಗಳು, ಉಳಿದ ಜಾಗದಲ್ಲಿ ಕಲ್ಪನಾ. ಎಪ್ಪತ್ತರ ದಶಕದ ಇನ್ನು ಕೆಲವು ಚಿತ್ರಗಳಲ್ಲಿ ಆ ಎಳೆದೆಳೆದು ಆಡುವ ಮಾತು, ನಡುಗುವ ತುಟಿ ಅಭ್ಯಾಸವಾಗಿಬಿಟ್ಟಿದೆ. ಬರೆದವರು 'ಇಲ್ಲಿ ಕಲ್ಪನಾ ಅಳುತ್ತಾಳೆ' ಅಂತ ಮೊದಲೇ ಗುರುತು ಹಾಕಿಟ್ಟ ಹಾಗೆ. ಒಂದೆರಡು ಕಡೆ ನಾನೇ ಫಾಸ್ಟ್ ಫಾರ್ವರ್ಡ್ ಒತ್ತಿದೆ. ಆದರೆ 'ಎರಡು ಕನಸು' (1974) ಹಾಕಿದರೆ ಅದೇ ನಟಿ, ಗಂಡನ ಮನಸ್ಸು ಇನ್ನೊಬ್ಬಳಲ್ಲಿದೆ ಅಂತ ಗೊತ್ತಿದ್ದೂ ಮನೆ ನಡೆಸುವ ಗೌರಿಯಾಗಿ, ದನಿ ಇಳಿಸಿಕೊಂಡು ಕೂತಿದ್ದಾಳೆ. ತಪ್ಪು ಅಭಿನಯದ್ದೋ, ಕೊಟ್ಟ ಪಾತ್ರದ್ದೋ, ನೀವೇ ನೋಡಿ.

'ಗೆಜ್ಜೆ ಪೂಜೆ' ಎಂ.ಕೆ. ಇಂದಿರಾ ಅವರ ಕಾದಂಬರಿ. ಓದಿದ ಹುಡುಗಿ ಚಂದ್ರಾ ಎಲ್ಲರ ಹಾಗೆ ಮದುವೆಯಾಗಿ ಸಂಸಾರ ಮಾಡಬೇಕು ಅಂದುಕೊಂಡಿರುತ್ತಾಳೆ. ಮನೆತನದ ಕಸುಬು ಗೆಜ್ಜೆ ಹಿಡಿದುಕೊಂಡು ಕಾಯುತ್ತಿರುತ್ತದೆ. ಅಂತ್ಯ ನನಗೆ ಇಷ್ಟವಾಗಲಿಲ್ಲ. ಹುಡುಗಿ ಸತ್ತರೆ ಪ್ರೇಕ್ಷಕನಿಗೆ ಅತ್ತು ಹಗುರಾಗಿ ಮನೆಗೆ ಹೋಗಲು ಅನುಕೂಲ. ಅಲ್ಲಿಯವರೆಗೆ ಮಾತ್ರ, ಅಮ್ಮನಾಗಿ ಲೀಲಾವತಿ, ಮಗಳಾಗಿ ಕಲ್ಪನಾ, ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಉಳಿಸಿಕೊಳ್ಳುವ ಮಾತುಗಳಲ್ಲೇ ಸಿನಿಮಾ ನಿಂತಿದೆ.

'ಶರಪಂಜರ'ವನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹಾಕಲು ಧೈರ್ಯ ಬಂದಿರಲಿಲ್ಲ.

ಇದೂ ತ್ರಿವೇಣಿಯವರದೇ ಕಾದಂಬರಿ. ಕಾವೇರಿ, ಸತೀಶ, ಸುಖವಾದ ಸಂಸಾರ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸಿನ ಹತೋಟಿ ತಪ್ಪುತ್ತದೆ. ಮದುವೆಗೆ ಮುಂಚಿನ ಒಂದು ಘಟನೆಯ ಪಾಪಪ್ರಜ್ಞೆ ಮೇಲೆದ್ದು ಬರುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಮಗುವಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. 'ಬೆಳ್ಳಿಮೋಡ'ವನ್ನಾಗಲೀ 'ಶರಪಂಜರ'ವನ್ನಾಗಲೀ ಪರದೆಯ ಮೇಲೆ ನೋಡುವ ಭಾಗ್ಯ ಅವರಿಗಿರಲಿಲ್ಲ.

ನಾವೆಲ್ಲ ನೆನಪಿಟ್ಟುಕೊಂಡಿರುವುದು ಕಾವೇರಿಗೆ ಮತ್ತೆ ಹುಚ್ಚು ಹಿಡಿಯುವ ಕೊನೆಯ ಹತ್ತು ನಿಮಿಷ. ಆದರೆ ಪುಟ್ಟಣ್ಣ ಸಿನಿಮಾ ಮಾಡಿರುವುದು ಅದಕ್ಕೂ ಮುಂಚಿನ ಭಾಗದ ಬಗ್ಗೆ, ಅಂದರೆ ಹುಷಾರಾಗಿ ಮನೆಗೆ ಬಂದವಳ ಬಗ್ಗೆ. ಗಂಡ ದೂರ ದೂರ. ಅಡುಗೆಯವನಿಗೆ ಭಯ. ನೆರೆಯವರಿಗೆ ಕುತೂಹಲ. ಅವಳು ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಸುಮ್ಮನಿದ್ದರೂ ಹುಚ್ಚು. ಹಾಗಾಗಿ ಕಾವೇರಿ ತಾನು ಸರಿಯಾಗಿದ್ದೇನೆ ಅಂತ ದಿನವಿಡೀ ತೋರಿಸಿಕೊಡಬೇಕು. ಈ ಭಾಗದಲ್ಲಿ ಕಲ್ಪನಾ ಮಾಡುವ ಕೆಲಸ ನೋಡಿ. ಮಾತು ಸ್ವಲ್ಪ ಹೆಚ್ಚೇ ಸ್ಪಷ್ಟ, ನಗು ಸ್ವಲ್ಪ ಹೆಚ್ಚೇ ಅಳತೆಯದ್ದು. ಸರಿಯಾಗಿರುವವಳ ಪಾತ್ರ ಮಾಡುತ್ತಿರುವ ಸರಿಯಾಗಿರುವ ಹೆಂಗಸು, ನಟನೆಯೊಳಗೊಂದು ನಟನೆ. ವನವಾಸ ಮುಗಿಸಿ ಬಂದ ಸೀತೆಯ ಹಾಡನ್ನು ಅವಳು ಹಾಡುವಾಗ ಅದು ಯಾರ ಕಥೆ ಅಂತ ಕೇಳುವವರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಹಾಡು ತಪ್ಪದ ಹಾಗೆ ಹಾಡಿ ಮುಗಿಸಬೇಕು.

ಗಂಡನಿಗೆ ಇನ್ನೊಬ್ಬಳ ಸಂಬಂಧವಿದೆ ಅಂತ ತಿಳಿದ ಮೇಲೆ ಆ ಕಟ್ಟೆ ಒಡೆಯುತ್ತದೆ. ಅಷ್ಟು ಹೊತ್ತು ಅಳೆದು ಅಳೆದು ಆಡಿದ ಒಂದೊಂದು ಮಾತಿನ ಬಾಕಿಯೂ ಆ ಕೂಗಿನಲ್ಲಿದೆ. ಅದನ್ನಷ್ಟೇ ಕತ್ತರಿಸಿ ತೋರಿಸಿದರೆ ಅತಿರೇಕ ಅನ್ನಿಸುತ್ತದೆ, ಪೂರ್ತಿ ನೋಡಿದರೆ ಕಡಿಮೆಯೇ ಆಯ್ತು ಅನ್ನಿಸುತ್ತದೆ. ಸಿನಿಮಾದಲ್ಲಿ ದೋಷಗಳಿಲ್ಲ ಅಂತಲ್ಲ. ಕ್ಯಾಮೆರಾ ಪದೇ ಪದೇ ಮುಖಕ್ಕೆ ನುಗ್ಗುತ್ತದೆ, ಹಾಸ್ಯ ಬೇಡದ ಕಡೆ ಬಂದು ಕೂರುತ್ತದೆ. ಆಮೇಲೆ ಪುಟ್ಟಣ್ಣ-ಕಲ್ಪನಾ ಜೋಡಿ ಮುರಿಯಿತು. ಎಂಟು ವರ್ಷಕ್ಕೆ, 1979ರಲ್ಲಿ, ಬೆಳಗಾವಿ ಜಿಲ್ಲೆಯ ಗೋಟೂರಿನಲ್ಲಿ ಆಕೆ ತೀರಿಕೊಂಡಳು. ಅಲ್ಲಿಂದ ಮುಂದೆ ಜನ ಕಾವೇರಿಯನ್ನೂ ಕಲ್ಪನಾಳನ್ನೂ ಒಂದೇ ಮಾಡಿಕೊಂಡು, ಪಾತ್ರದ ಹುಚ್ಚನ್ನು ನಟಿಯ ಲೆಕ್ಕಕ್ಕೆ ಬರೆದುಬಿಟ್ಟರು. ಇಷ್ಟು ಹತೋಟಿಯ ನಟಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಈಗ ಗಣೇಶನ ಹಬ್ಬದ ಗಲಾಟೆ. ನಮ್ಮ ಕೆಳಗಿನ ಬೀದಿಯಲ್ಲಿ ಒಬ್ಬ ಅತ್ತೆ ಇದ್ದರು. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದು ವಾಪಸ್ ಬಂದವರು. ನೀರಿಗೆ ಹೋದರೆ ಕೊಡ ಹೇಗೆ ಹಿಡ್ಕೋತಾರೆ ಅಂತಲೂ ಜನ ನೋಡೋರು. ಆ ರಾತ್ರಿ ಹೆಂಗಸರ ಸಾಲಿನಲ್ಲಿ ಅವರೂ ಕೂತಿದ್ದರು. ಪರದೆ ಮೇಲೆ ಕಲ್ಪನಾ ನಗೋದಕ್ಕೆ ಶುರು ಮಾಡಿದಾಗ ನಮ್ಮ ಗುಂಪಿನ ಹುಡುಗರು ಟಾರ್ಚನ್ನು ಅವರ ಮುಖಕ್ಕೆ ಬಿಟ್ಟರು. ಅವರೂ ಹಾಗೇ ಮಾಡ್ತಾರಾ ನೋಡೋಣ ಅಂತ. ಟಾರ್ಚು ನಮ್ಮ ಮನೆಯದು. ನಿದ್ದೆಗಣ್ಣಲ್ಲಿ ನಾನೂ ನಕ್ಕೆ. ಅವರು ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ, ಬಹಳ ನಿಧಾನವಾಗಿ ಎದ್ದು ಹೋದರು. ಆ ನಿಧಾನ ಏನು ಅಂತ ನನಗೆ ಮೊನ್ನೆ ಭಾನುವಾರ ಎರಡನೆಯ ಡಿಸ್ಕ್ ನೋಡುವಾಗ ಗೊತ್ತಾಯ್ತು.

ಸಿನಿಮಾ ಮುಗಿದ ಮೇಲೆ ಊರಿಗೆ ಫೋನ್ ಮಾಡಿದೆ. ಆ ಅತ್ತೆಗೆ ಏನಾಗಿತ್ತು ಅಂತ ಅಮ್ಮನನ್ನು ಕೇಳಿದೆ.

'ಬಾಣಂತಿ ಸನ್ನಿ ಕಣೋ. ಎರಡನೇ ಮಗು ಆದಾಗ. ಮೂರು ತಿಂಗಳಿಗೆ ವಾಸಿ ಆಗಿತ್ತು. ಜನ ಬಿಡಬೇಕಲ್ಲ.' ಸ್ವಲ್ಪ ಹೊತ್ತು ಬಿಟ್ಟು, 'ಯಾಕೆ ಈಗ?' ಅಂದಳು.

ಶರಪಂಜರ ನೋಡ್ದೆ ಅಂದೆ.

'ನಾನು ಆವತ್ತು ಅವಳ ಹಿಂದೇನೇ ಎದ್ದು ಹೋದೆ. ಆ ಸೀತೆ ಹಾಡು ಇದೆಯೇನೋ ಅದರಲ್ಲಿ?'

ಇದೆ, ಕತ್ತರಿಸಿಲ್ಲ ಅಂದೆ.

'ಹಂಗಾದ್ರೆ ದೀಪಾವಳಿಗೆ ಬರುವಾಗ ತಗೊಂಬಾ. ಅವಳ್ನೂ ಕರೀತೀನಿ.'