ಫ್ಯಾನ್ ನೀರೊಳಗೆ ಇದೆಯಾ?

ಸಣ್ಣ ಹಾಯಿದೋಣಿಗೆ ಯಾವ ಔಟ್‌ಬೋರ್ಡ್ ಎಂಜಿನ್ ಒಳ್ಳೆಯದು ಎಂದು ಯಾರನ್ನೇ ಕೇಳಿ, ಮೊದಲು ಬರುವ ಮಾತು ಎಚ್‌ಪಿ. 4 ಸಾಕಾ, 6 ಬೇಕಾ, 9.9 ಹಾಕಿಬಿಡೋಣವಾ? ಅಂಗಡಿಯಲ್ಲಿ ಎಂಜಿನ್‌ಗಳನ್ನು ಸಾಲಾಗಿ ನಿಲ್ಲಿಸಿರುವುದೂ ಅದೇ ಲೆಕ್ಕದಲ್ಲಿ, ಅವುಗಳ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದೂ ಅದೇ ಅಂಕಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 22 ಅಡಿಯ ದೋಣಿ ಇಟ್ಟುಕೊಂಡು ಏಳು ವರ್ಷವಾಯಿತು. ಈ ಏಳು ವರ್ಷದಲ್ಲಿ ಮೂರು ಎಂಜಿನ್ ಕಟ್ಟಿದ್ದೇನೆ, ಎರಡನ್ನು ಬಿಚ್ಚಿ ಕೊಟ್ಟಿದ್ದೇನೆ. ಈ ಆಯ್ಕೆಯ ಕ್ರಮವೇ ತಲೆಕೆಳಗಾಗಿದೆ ಎಂದು ಈಗ ನನಗೆ ಖಾತ್ರಿಯಾಗಿದೆ. ಎಚ್‌ಪಿ ಕೊನೆಗೆ ಕೇಳಬೇಕಾದ ಪ್ರಶ್ನೆ.

ನನ್ನದು ಕ್ಯಾಟಲಿನಾ 22. ಫ್ರಾಂಕ್ ಬಟ್ಲರ್ ರೂಪಿಸಿದ ಈ ದೋಣಿ 1969ರಿಂದ ತಯಾರಾಗುತ್ತ ಬಂದು 15,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ನೀರಿಗಿಳಿದಿದೆ. ಹಾಗಾಗಿ ಇದರ ಎಂಜಿನ್ ಪ್ರಶ್ನೆ ನನ್ನೊಬ್ಬನದಲ್ಲ. ತೂಕ ಸುಮಾರು 1,100 ಕಿಲೋ, ನೀರಿಗೆ ತಾಗಿದ ಭಾಗದ ಉದ್ದ ಸುಮಾರು 19.3 ಅಡಿ. ಈ ಎರಡನೆಯ ಅಳತೆಯಲ್ಲೇ ಇಡೀ ವಿಷಯದ ಅರ್ಧ ಅಡಗಿದೆ. ಇಂಥ ತುಂಬು ಒಡಲಿನ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಸ್ಪೀಡ್‌ಬೋಟಿನ ಹಾಗೆ ನೀರಿನ ಮೇಲೇರಿ ಜಾರುವುದಿಲ್ಲ. ವೇಗ ಹೆಚ್ಚಿದ ಹಾಗೆಲ್ಲ ಅದು ಎಬ್ಬಿಸುವ ಅಲೆಯೂ ಉದ್ದವಾಗುತ್ತದೆ. ಆ ಅಲೆ ದೋಣಿಯಷ್ಟೇ ಉದ್ದವಾದಾಗ ಮೂತಿ ಒಂದು ಅಲೆಯ ನೆತ್ತಿಯಲ್ಲಿ, ಹಿಂಬದಿ ಅದರ ಹಿಂದಿನ ಅಲೆಯ ನೆತ್ತಿಯಲ್ಲಿ. ಅಲ್ಲಿಂದ ಮುಂದೆ ಹಿಂಬದಿ ತಗ್ಗಿಗೆ ಇಳಿಯುತ್ತದೆ, ದೋಣಿ ತನ್ನದೇ ಅಲೆಯ ಗುಡ್ಡವನ್ನು ತಾನೇ ಹತ್ತಬೇಕು. ನೀರಿಗೆ ತಾಗಿದ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. ನನ್ನ ದೋಣಿಗೆ ಅದು 5.9, ಎಂದರೆ ಗಂಟೆಗೆ 11 ಕಿಲೋಮೀಟರ್. 6 ಎಚ್‌ಪಿ ಹಾಕಿದರೂ ಅಷ್ಟರ ಆಸುಪಾಸು, 15 ಹಾಕಿದರೂ ಅಷ್ಟರ ಆಸುಪಾಸೇ.

ಇದು ಓದಿ ತಿಳಿದಿದ್ದ ವಿಷಯ. ಎಂಜಿನಿನಿಂದ ನೀರೊಳಗಿನ ಫ್ಯಾನಿಗೆ ಇಳಿಯುವ ಶಾಫ್ಟ್‌ನ ಉದ್ದದ ಬೆಲೆ ತಿಳಿದದ್ದು ಮಾತ್ರ ನೀರಿನಲ್ಲಿ.

ಮೊದಲನೆಯ ಎಂಜಿನ್ ಕೈಬದಲಾಗಿ ಬಂದ 4 ಎಚ್‌ಪಿಯದು. ಅಗ್ಗಕ್ಕೆ ಸಿಕ್ಕಿತು, ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತಿತ್ತು, ತಂದು ಕಟ್ಟಿದೆ. ಶಾಫ್ಟ್ 15 ಇಂಚಿನದು. ಮಾರಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಂತ ನೀರಿನಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಬರ್ಕ್ಲಿಗೆ ವಾಪಸಾಗುತ್ತಿದ್ದೆವು. ಬರ್ಕ್ಲಿ ಇರುವುದು ಗೋಲ್ಡನ್ ಗೇಟಿಗೆ ನೇರ ಎದುರು, ಆದ್ದರಿಂದ ಬೇಸಿಗೆಯ ಗಾಳಿ ಸಮುದ್ರದಿಂದ ಆ ಬಾಗಿಲಲ್ಲಿ ನುಗ್ಗಿ ಸೀದಾ ಇದೇ ದಡಕ್ಕೆ ಬಡಿಯುತ್ತದೆ. ಅಂದು 20 ನಾಟ್ ಮೀರಿತ್ತು. ಹೆಂಡತಿಯ ಕೈಗೆ ಚುಕ್ಕಾಣಿ ಕೊಟ್ಟು, ಎಂಜಿನ್ ಓಡಿಸಿಟ್ಟು, ಮುಂದಿನ ಹಾಯಿ ಇಳಿಸಲು ಮೂತಿಯ ಕಡೆ ಹೋದೆ. ನನ್ನ 70 ಕಿಲೋ ಮೂತಿಗೆ ಬಿದ್ದದ್ದೇ ತಡ, ಹಿಂಬದಿ ಎದ್ದಿತು. ಅದೇ ಹೊತ್ತಿಗೆ ಅಡಿಯಿಂದ ಒಂದು ಅಲೆ ಹಾದುಹೋಯಿತು. ಫ್ಯಾನ್ ನೀರಿನಿಂದ ಮೇಲೆ ಬಂದು ಎಂಜಿನ್ ಕಿರುಚಿಕೊಂಡಿತು. ಮರುಕ್ಷಣ ನೀರಿಗೆ ಬಿದ್ದು ಗುಡುಗಿತು, ಮತ್ತೆ ಎದ್ದಿತು, ಮತ್ತೆ ಕಿರುಚಿತು. ದೋಣಿ ಮಾತ್ರ ಮುಂದೆ ಹೋಗುತ್ತಿಲ್ಲ. ಗಾಳಿ ನಮ್ಮನ್ನು ಅಡ್ಡಡ್ಡ ತಳ್ಳಿಕೊಂಡು, ಪಾಳುಬಿದ್ದ ಹಳೆಯ ಕಟ್ಟೆಯ ಮುರುಕು ಕಂಬಗಳ ಕಡೆಗೆ ಒಯ್ಯುತ್ತಿತ್ತು. ಹಾಯಿಯನ್ನು ಅರ್ಧಕ್ಕೇ ಬಿಟ್ಟು ತೆವಳಿಕೊಂಡು ಹಿಂದಕ್ಕೆ ಬಂದೆ. ನನ್ನ ಭಾರ ಹಿಂದಕ್ಕೆ ಬಂದ ಮೇಲೆ ಫ್ಯಾನ್ ನೀರು ಕಚ್ಚಿತು. ಆ ಕಂಬಗಳಲ್ಲಿ ಅಂಟಿದ್ದ ಚಿಪ್ಪುಗಳು ಒಂದೊಂದಾಗಿ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿದ್ದೆವು.

ಆ ರಾತ್ರಿ ಊರಿಗೆ, ಮರವಂತೆಗೆ ಫೋನ್ ಮಾಡಿದೆ. ದೊಡ್ಡಪ್ಪ ನಲವತ್ತು ವರ್ಷ ನಾಡದೋಣಿಯಲ್ಲಿ ಮೀನಿಗೆ ಹೋದವರು. ನಾನು 6 ಎಚ್‌ಪಿ, 9.9 ಎಚ್‌ಪಿ ಎಂದು ಹೇಳುತ್ತಲೇ ಇದ್ದೆ, ಅವರು ಮಧ್ಯದಲ್ಲೇ ತಡೆದರು: “ಎಚ್‌ಪಿ ಕಟ್ಕಂಡ್ ಎಂತ ಮಾಡ್ತೆ? ಫ್ಯಾನ್ ನೀರೊಳ್ಗ್ ಇತ್ತಾ ಇಲ್ಯಾ, ಅದ್ ಕಾಣ್ ಮೊದ್ಲ್.” ಮಳೆಗಾಲದ ತೆರೆ ದಾಟಿ ದೋಣಿ ಹೊರಡಿಸುವವರಿಗೆ ಇದು ಪಾಠ ಹೇಳಿಸಿಕೊಂಡು ಬರುವ ತಿಳಿವಳಿಕೆಯಲ್ಲ. ಒಡೆಯುವ ತೆರೆಯ ನಡುವೆ ಫ್ಯಾನ್ ಒಂದು ಕ್ಷಣ ಗಾಳಿ ಕಚ್ಚಿದರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಮಗುಚಿ ಹಾಕುತ್ತದೆ.

ಔಟ್‌ಬೋರ್ಡ್ ಹುಟ್ಟಿದ್ದು ಹುಟ್ಟು ಹಾಕುವ ಸಣ್ಣ ದೋಣಿಗಳಿಗಾಗಿ. ಮಿಲ್ವಾಕಿಯ ಓಲೆ ಎವಿನ್‌ರೂಡ್ 1909ರಲ್ಲಿ ಮಾರತೊಡಗಿದ್ದು ಅಂಥ ಎಂಜಿನನ್ನೇ. ಅಂಥ ದೋಣಿಯ ಹಿಂಬದಿ ಹಲಗೆ ತಗ್ಗು, ಅದಕ್ಕೆ 15 ಇಂಚಿನ ಶಾಫ್ಟ್ ಸಾಕು. ಹಾಯಿದೋಣಿಯ ಹಿಂಬದಿ ಎತ್ತರ, ಮೇಲಾಗಿ ಅಲೆಗೆ ಏರಿಳಿಯುವಂಥದ್ದು. ಇದಕ್ಕೆ 20 ಇಂಚು ಕನಿಷ್ಠ, ಒರಟು ನೀರಿನಲ್ಲಿ ಓಡಾಡುವವರಿಗೆ 25 ಇಂಚು. ಫ್ಯಾನಿನ ನೆತ್ತಿಯ ಮೇಲೆ ಒಂದು ಚಪ್ಪಟೆ ತಗಡು ಇರುತ್ತದಲ್ಲ, ಅದು ಯಾವಾಗಲೂ ನೀರಿನ ಕೆಳಗಿರಬೇಕು. ಮೂತಿಯಲ್ಲಿ ಒಬ್ಬರು ನಿಂತಾಗಲೂ ಇರಬೇಕು. ಕೊಳ್ಳುವ ಮೊದಲು ಒಬ್ಬರನ್ನು ಮೂತಿಗೆ ಕಳಿಸಿ, ಹಿಂಬದಿಯಿಂದ ನೀರಿಗೆ ಎಷ್ಟು ಇಂಚು ಎಂದು ಟೇಪು ಹಿಡಿದು ಅಳೆಯುವುದು ಐದು ನಿಮಿಷದ ಕೆಲಸ. ಎಂಜಿನ್ ತಣಿಯಲು ನೀರು ಹೀರುವ ಕಿಂಡಿಯೂ ಅದೇ ಕೆಳಭಾಗದಲ್ಲಿದೆ ಎಂಬುದನ್ನೂ ಮರೆಯಬಾರದು. ಫ್ಯಾನ್ ಗಾಳಿಗೆ ಬಂದರೆ ಬರೀ ವೇಗ ಹೋಗುವುದಲ್ಲ, ನೀರೆತ್ತುವ ರಬ್ಬರಿನ ಚಕ್ರವೂ ಒಣಗಿ ಸವೆಯುತ್ತದೆ.

25 ಇಂಚಿಗೆ ಅದರದೇ ತೊಂದರೆ ಇದೆ, ಮುಚ್ಚಿಡುವುದಿಲ್ಲ. ಹಾಯಿ ಬಿಚ್ಚಿದ ಮೇಲೆ ಎಂಜಿನನ್ನು ಮೇಲೆತ್ತಿ ಮಡಚಬೇಕು. ಉದ್ದ ಶಾಫ್ಟ್ ಪೂರ್ತಿ ನೀರು ಬಿಟ್ಟು ಏಳದೆ, ದೋಣಿ ಒಂದು ಮಗ್ಗುಲಿಗೆ ವಾಲಿದಾಗ ತುದಿ ನೀರಿಗೆ ತಾಗಿ ಎಳೆಯುತ್ತದೆ. ಹಾಯಿಯ ಆಟವನ್ನೇ ಪ್ರೀತಿಸುವವರಿಗೆ ಆ ಎಳೆತ ಚುಕ್ಕಾಣಿಯಲ್ಲೇ ಗೊತ್ತಾಗುತ್ತದೆ. ಆದರೂ ಗಾಳಿಗೆದುರಾಗಿ ದಕ್ಕೆಗೆ ಬರುವಾಗ ಸಿಗುವ ಹಿಡಿತಕ್ಕಾಗಿ ನಾನು ಆ ಬೆಲೆ ಕೊಡುತ್ತೇನೆ.

ಎರಡನೆಯ ಪ್ರಶ್ನೆ ಫ್ಯಾನಿನ ಪಿಚ್. ತಿರುಪಿನ ಮೊಳೆ ಮರದಲ್ಲಿ ಇಳಿಯುವ ಹಾಗೆ ಫ್ಯಾನ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಅಳತೆ ಇದು. ಫ್ಯಾನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. 8 ಇಂಚು ಪಿಚ್ ಆದರೆ ಲೆಕ್ಕದ ಪ್ರಕಾರ ದೋಣಿ ಸುಮಾರು 16 ನಾಟ್ ಓಡಬೇಕು, 6 ಇಂಚಾದರೆ 12 ನಾಟ್. ನನ್ನ ದೋಣಿ 6 ನಾಟ್ ದಾಟುವುದಿಲ್ಲ. 16ಕ್ಕೆ ತಯಾರಾದ ಫ್ಯಾನನ್ನು 5ರಲ್ಲಿ ಓಡಿಸುವುದೆಂದರೆ ಟಾಪ್ ಗೇರಿನಲ್ಲಿ ಆಗುಂಬೆ ಘಾಟಿ ಹತ್ತಿದಂತೆ. ಎಂಜಿನ್ ಏದುಸಿರು ಬಿಡುತ್ತದೆ, ಶಕ್ತಿ ಎಲ್ಲ ನೀರು ಕಲಕುವುದರಲ್ಲಿ ಹೋಗುತ್ತದೆ. ಹಗುರ ರಬ್ಬರ್ ದೋಣಿಗಾಗಿ ಮಾಡಿದ ಫ್ಯಾನನ್ನೇ ಭಾರದ ಹಾಯಿದೋಣಿಗೂ ಕಟ್ಟಿ ಕೊಡುವ ರೂಢಿಗೆ ನನ್ನ ತಕರಾರು ಇರುವುದು ಇಲ್ಲೇ. ಫ್ಯಾನ್ ಬದಲಿಸುವುದು ಒಂದು ಪಿನ್ನು, ಒಂದು ನಟ್ಟಿನ ಕೆಲಸ.

ಯಮಾಹಾದವರು 9.9ರಲ್ಲೇ ಎರಡು ಬಗೆ ಮಾಡಿದ್ದು ಈ ಕಾರಣಕ್ಕೆ. ಸಾಮಾನ್ಯ ಎಂಜಿನಿನ ಗೇರ್ ಅನುಪಾತ 2.08, ಹೆಚ್ಚು ತಳ್ಳುವ ಬಗೆಯದರಲ್ಲಿ 2.92. ಎರಡನೆಯದರ ಫ್ಯಾನ್ ದೊಡ್ಡದು, ನಿಧಾನಕ್ಕೆ ತಿರುಗುತ್ತದೆ, ಒಂದೊಂದು ಸುತ್ತಿಗೂ ಹೆಚ್ಚು ನೀರು ಹಿಡಿಯುತ್ತದೆ. ರಿವರ್ಸ್‌ನಲ್ಲಿ ಫ್ಯಾನ್ ತನ್ನದೇ ಹೊಗೆಯ ಗುಳ್ಳೆಗಳನ್ನು ಕಚ್ಚದಂತೆ ಹೊಗೆಯನ್ನು ಬೇರೆ ಕಡೆ ಬಿಡುವ ಏರ್ಪಾಡೂ ಇದೆ. ಬ್ರೇಕ್ ಇಲ್ಲದ ದೋಣಿಗೆ ರಿವರ್ಸೇ ಬ್ರೇಕ್, ಆದ್ದರಿಂದ ಇದು ದೊಡ್ಡ ಗುಣ. 25 ಅಡಿಯ, ಎರಡು ಟನ್ನಿನ ದೋಣಿಗಾದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ನನ್ನ ದೋಣಿಗೆ ಅದು ಹೊಂದಲಿಲ್ಲ. ಸಿಯಾಟಲ್‌ಗೆ ಹೊರಟ ಗೆಳೆಯರೊಬ್ಬರಿಂದ ಕೊಂಡು ಒಂದು ಬೇಸಿಗೆ ಓಡಿಸಿದೆ. ತೂಕ 40 ಕಿಲೋ ದಾಟುತ್ತದೆ, ಅಷ್ಟೂ ಹಿಂಬದಿಯ ತುದಿಯಲ್ಲಿ ನೇತಾಡುತ್ತದೆ. ನಾಲ್ಕು ಜನ ಕೂತರೆ, ಕೂರುವ ಜಾಗದ ನೀರು ಹೊರಹೋಗಲೆಂದು ಇರುವ ತೂತುಗಳಿಂದಲೇ ನೀರು ಒಳಗೆ ಬರುತ್ತಿತ್ತು. ಆ 9.9 ಎಂಬ ಅಂಕಿಯನ್ನೂ ಸ್ವಲ್ಪ ನೋಡಬೇಕು. ಅಮೆರಿಕದ ಎಷ್ಟೋ ಕೆರೆಗಳಲ್ಲಿ 10 ಎಚ್‌ಪಿಯ ಮಿತಿ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಾಗಲೂ 10 ಎಚ್‌ಪಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಅವಕಾಶವಿದೆ. ದೊಡ್ಡಪ್ಪನ ಎಂಜಿನ್ 9.9 ಇದ್ದದ್ದೂ ಅದಕ್ಕೇ. ಬಲೆ, ಮೀನು, ಆಳು ಎಲ್ಲ ಹೊತ್ತು ದಿನವೂ ದುಡಿಯುವ ದೋಣಿಗೆ ಅದು ಸರಿ. ಕಾನೂನಿನ ಗೆರೆಯ ಒಳಗೆ ನಿಲ್ಲಲು ಹುಟ್ಟಿದ ಅಂಕಿಯನ್ನು ವಾರಕ್ಕೊಮ್ಮೆ ಹಾಯಿ ಬಿಚ್ಚುವವನು ತನ್ನ ದೋಣಿಯ ಅಳತೆ ಎಂದುಕೊಳ್ಳಬಾರದು.

ಈಗ ಇರುವುದು 6 ಎಚ್‌ಪಿ, ಫೋರ್‌ಸ್ಟ್ರೋಕ್, 25 ಇಂಚಿನ ಶಾಫ್ಟ್, ಕಡಿಮೆ ಪಿಚ್ಚಿನ ಫ್ಯಾನ್. ತೊಹಾತ್ಸು ಕಂಪನಿ ಹಾಯಿದೋಣಿಗೆಂದೇ ಈ ಜೋಡಣೆ ಮಾಡಿ ಮಾರುತ್ತದೆ. ಅವರ 4, 5, 6 ಎಚ್‌ಪಿ ಮೂರಕ್ಕೂ ಅದೇ 123 ಸಿಸಿಯ ಒಂಟಿ ಸಿಲಿಂಡರ್, ತೂಕವೂ ಹೆಚ್ಚುಕಡಿಮೆ ಅಷ್ಟೇ. ತೂಕ ಒಂದೇ ಆದ ಮೇಲೆ 4 ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಒಂಟಿ ಸಿಲಿಂಡರಿನ ನಡುಕ ಮಾತ್ರ ಇದ್ದೇ ಇದೆ, ಅರ್ಧ ಗಂಟೆ ಹ್ಯಾಂಡಲ್ ಹಿಡಿದರೆ ಬೆರಳು ಜುಮ್ಮೆನ್ನುತ್ತದೆ.

ಟೂಸ್ಟ್ರೋಕ್ ಹಗುರ, ರಿಪೇರಿ ಸುಲಭ ಎನ್ನುವವರು ಇನ್ನೂ ಇದ್ದಾರೆ. ನಮ್ಮೂರ ಸೀಮೆಎಣ್ಣೆ ಎಂಜಿನಿನ ವಾಸನೆ ನನಗೂ ಬಾಲ್ಯದ ವಾಸನೆಯೇ. ಆದರೆ ಹಳೆಯ ಕಾರ್ಬುರೇಟರ್ ಟೂಸ್ಟ್ರೋಕಿನಲ್ಲಿ ಹಾಕಿದ ಇಂಧನದ ಕಾಲುಭಾಗದಷ್ಟು ಸುಡದೆ ನೀರಿಗೆ ಹೋಗುತ್ತದೆ. ಟಾಹೋ ಸರೋವರದಲ್ಲಿ 1999ರಿಂದ ಅವುಗಳಿಗೆ ನಿಷೇಧವಿದೆ. ಅದು ಸರಿಯಾದ ನಿರ್ಧಾರ.

ಬ್ಯಾಟರಿ ಎಂಜಿನಿನ ಬಗ್ಗೆ ನನ್ನ ಮನಸ್ಸು ಅಷ್ಟು ಸುಲಭವಾಗಿ ಒಂದು ಕಡೆ ನಿಲ್ಲುವುದಿಲ್ಲ. ಪಕ್ಕದ ದೋಣಿಯವರ ಟಾರ್ಕೀಡೊವನ್ನು ಒಂದು ತಿಂಗಳು ಕಟ್ಟಿ ನೋಡಿದೆ. ಹಗ್ಗ ಎಳೆಯುವುದಿಲ್ಲ, ಪೆಟ್ರೋಲ್ ವಾಸನೆ ಇಲ್ಲ, ಹಿಡಿ ತಿರುಗಿಸಿದ ಕ್ಷಣದಲ್ಲೇ ತಳ್ಳುತ್ತದೆ. ಬೆಳಗಿನ ನಿಶ್ಶಬ್ದದಲ್ಲಿ ದಕ್ಕೆಯಿಂದ ಹೊರಡುವಾಗ ಮೂತಿಗೆ ನೀರು ತಾಗುವ ಸದ್ದು ಕೇಳಿಸಿತು, ಅದಕ್ಕಿಂತ ಮೊದಲು ಅದನ್ನು ಕೇಳಿರಲೇ ಇಲ್ಲ. ಆದರೆ ಬ್ಯಾಟರಿಯಲ್ಲಿ ಇರುವುದು 915 ವ್ಯಾಟ್‌ಗಂಟೆ, ಎಂಜಿನ್ ಪೂರ್ತಿ ತೆರೆದರೆ ತಿನ್ನುವುದು 1,000 ವ್ಯಾಟ್. ಒಂದು ಗಂಟೆಗೂ ಸಾಲದು. ಗೋಲ್ಡನ್ ಗೇಟಿನ ಕಡೆ ಇಳಿತದ ಸೆಳೆತ 4 ನಾಟ್ ದಾಟುವುದುಂಟು. ಅದಕ್ಕೆದುರಾಗಿ ಪೂರ್ತಿ ತೆರೆದು 4.5 ನಾಟ್ ಹೋದರೂ ದಡದ ಲೆಕ್ಕದಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಸಾಗಿರುತ್ತೇವೆ, ಬ್ಯಾಟರಿ ಮುಗಿದಿರುತ್ತದೆ. ಒಂದು ಲೀಟರ್ ಪೆಟ್ರೋಲಿನ ಒಟ್ಟು ಶಕ್ತಿಯಲ್ಲಿ ಐದನೇ ಒಂದು ಪಾಲು ಮಾತ್ರ ಶಾಫ್ಟಿಗೆ ದಕ್ಕಿದರೂ ಅದು ಆ ಬ್ಯಾಟರಿಯ ಎರಡರಷ್ಟು. ಕೆರೆಗೆ, ಹಿನ್ನೀರಿಗೆ, ದಕ್ಕೆಯಿಂದ ಹೊರಗೆ ಬಂದು ಹಾಯಿ ಬಿಚ್ಚುವಷ್ಟಕ್ಕೆ ನಾನು ಬ್ಯಾಟರಿಯನ್ನೇ ಆರಿಸುತ್ತೇನೆ. ಸೆಳೆತವಿರುವ ಕೊಲ್ಲಿಗೆ, ಅಳಿವೆಗೆ ಇನ್ನೂ ಇಲ್ಲ.

ನಾಡದೋಣಿಯ ಎಂಜಿನ್ ಕೆಡುವುದು ದುಡಿದು ದುಡಿದು. ಹಾಯಿದೋಣಿಯದು ಕೆಡುವುದು ಸುಮ್ಮನೆ ಕೂತು. ವಾರಕ್ಕೆ ಹತ್ತು ನಿಮಿಷ ಓಡುವ ಎಂಜಿನಿನಲ್ಲಿ ಎಥೆನಾಲ್ ಬೆರೆತ ಪೆಟ್ರೋಲ್ ನೀರಿನ ಪಸೆ ಹೀರಿಕೊಂಡು ಕಾರ್ಬುರೇಟರಿನಲ್ಲಿ ಅಂಟಾಗಿ ನಿಲ್ಲುತ್ತದೆ, ಕೂದಲಿನಷ್ಟು ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಕೊಳ್ಳುವಾಗ ಕಾರ್ಬುರೇಟರಿನ ತಳದ ತಿರುಪು ಎಂಜಿನ್ ಬಿಚ್ಚದೆಯೇ ಕೈಗೆ ಸಿಗುತ್ತದೆಯೇ ಎಂದು ಮುಚ್ಚಳ ತೆಗೆಸಿ ನೋಡಿ. ಶನಿವಾರ ಗಾಳಿ ಎಷ್ಟೇ ಚೆನ್ನಾಗಿದ್ದರೂ ನಾನು ಕೊನೆಯ ಅರ್ಧ ಮೈಲಿ ಎಂಜಿನಿನಲ್ಲೇ ಬರುತ್ತೇನೆ. ದಕ್ಕೆಗೆ ಹಗ್ಗ ಕಟ್ಟಿ ಪೆಟ್ರೋಲ್ ನಲ್ಲಿ ಮುಚ್ಚಿದರೆ ಅದು ಒಂದೆರಡು ನಿಮಿಷ ಓಡಿ, ಒಮ್ಮೆ ಸದ್ದು ಏರಿಸಿ, ತಾನಾಗಿ ನಿಲ್ಲುತ್ತದೆ. ಆಮೇಲೆ ಎತ್ತಿ ಮಡಚುತ್ತೇನೆ, ಫ್ಯಾನಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ.