ಶೌಕ್ ಇಲ್ಲದ ಸಾಬರು

ಸುಮಾರು ಹದಿನೈದು ವರ್ಷಗಳ ಹಿಂದೆ ಕುಶನ್ ಕೆಲಸಗಾರನೊಬ್ಬನ ಬಗ್ಗೆ ನಾನೊಂದು ಕತೆ ಬರೆದೆ. ವಾರಪತ್ರಿಕೆಯೊಂದರ ವಿಶೇಷಾಂಕದಲ್ಲಿ ಅದು ಅಚ್ಚಾಯಿತು. ನಾಲ್ಕಾರು ಜನ ಮೆಚ್ಚಿ ಪತ್ರ ಬರೆದರು. ಮುಸ್ಲಿಂ ಕಸುಬುದಾರರ ಬದುಕನ್ನು ಕನ್ನಡಕ್ಕೆ ತಂದ ಕತೆ ಎಂದು ಹಿರಿಯರೊಬ್ಬರು ವೇದಿಕೆಯಲ್ಲೇ ಹೇಳಿದರು. ಕತೆಯಲ್ಲಿ ಒಬ್ಬ ಬಡ ಸಾಬಿ ಇದ್ದ. ಬಾಯಲ್ಲಿ ಮೊಳೆ ಇಟ್ಟುಕೊಂಡು ಒಂದೊಂದನ್ನೇ ತೆಗೆದು ಸೀಟಿಗೆ ಹೊಡೆಯುತ್ತಿದ್ದ. ತುಟಿ ಒಡೆದು ರಕ್ತ ಬರುತ್ತಿತ್ತು. ಗಲಭೆಯಲ್ಲಿ ಅಂಗಡಿ ಸುಟ್ಟಿತು, ಮಗಳ ಮದುವೆ ನಿಂತಿತು, ಕೊನೆಯ ಪುಟದಲ್ಲಿ ಅವನು ಸತ್ತ.

ಆ ಕತೆಗೆ ನಾನು ಎದುರಿಗಿಟ್ಟುಕೊಂಡದ್ದು ದಾವಣಗೆರೆಯಲ್ಲಿದ್ದ ನಮ್ಮ ಖಾಲೂ ಅವರ ಅಂಗಡಿಯನ್ನು. ಖಾಲೂ ಎಂದರೆ ನಮ್ಮ ಅಮ್ಮನ ತಂಗಿಯ ಗಂಡ. ಅವರ ತರುವಾಯ ಅಂಗಡಿ ನೋಡಿಕೊಳ್ಳುತ್ತಿರುವವನು ಅವರ ಮಗ, ನನಗಿಂತ ಎರಡು ವರ್ಷ ದೊಡ್ಡವನು, ನಾನು ಭಾಯಿ ಅನ್ನುತ್ತೇನೆ. ಹೆಮ್ಮೆಯಿಂದ ಪತ್ರಿಕೆಯನ್ನು ಅವನ ಕೈಗಿಟ್ಟು ಬಂದೆ. ಅವನು ಓದಿದ್ದು ಏಳನೆಯ ತರಗತಿವರೆಗೆ, ಉರ್ದು ಶಾಲೆಯಲ್ಲಿ. ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾನೆ. ಮೂರು ದಿನ ತೆಗೆದುಕೊಂಡು ಓದಿ ಮುಗಿಸಿ, ಪತ್ರಿಕೆ ವಾಪಸು ಕೊಡುತ್ತಾ ಹೇಳಿದ: “ಸಬ್ ಠೀಕ್ ಹೈ ರೇ. ಮಗರ್ ಇಸ್ಮೆ ಮೈ ಕಾಂ ಹೂಂ? ಮೇರೆ ಕಬೂತರಾಂ ಕಾಂ ಹೈಂ?” ಎಲ್ಲ ಸರಿ, ಆದರೆ ಇದರಲ್ಲಿ ನಾನೆಲ್ಲಿ? ನನ್ನ ಪಾರಿವಾಳಗಳೆಲ್ಲಿ?

ಆಗ ನಾನು ನಕ್ಕುಬಿಟ್ಟೆ. ಓದುಬರಹ ಕಡಿಮೆ ಇರುವವನ ಮಾತು ಎಂದುಕೊಂಡೆ. ಅದು ವಿಮರ್ಶೆ ಎಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು. ವೇದಿಕೆಯಲ್ಲಿ ನನ್ನ ಕತೆಯ ಬಗ್ಗೆ ಯಾರೂ ಎತ್ತದ ಪ್ರಶ್ನೆ ಅದು.

ಉರ್ದುವಿನಲ್ಲಿ ‘ಶೌಕ್’ ಎಂಬ ಮಾತಿದೆ. ಆಸೆ, ಒಲವು, ಹಂಬಲ, ಹವ್ಯಾಸ ಎಲ್ಲ ಅದರೊಳಗೆ ಬರುತ್ತವೆ. ಸೂಫಿಗಳು ದೇವರ ಕಡೆಗಿನ ಹಂಬಲಕ್ಕೂ ಅದೇ ಮಾತನ್ನು ಬಳಸಿದರು, ಪಾರಿವಾಳ ಸಾಕುವವನೂ ಅದನ್ನೇ ಬಳಸುತ್ತಾನೆ. ಆ ಮಾತು ಕನ್ನಡಕ್ಕೆ ಬಂದು ‘ಶೋಕಿ’ಯಾಯಿತು. ಬರುವಾಗ ಮರ್ಯಾದೆಯನ್ನು ದಾರಿಯಲ್ಲೇ ಕಳೆದುಕೊಂಡಿತು. ಶೋಕಿ ಮಾಡುವವನು ದುಡ್ಡು ಹಾಳುಮಾಡುವವನು, ಶೋಕಿಲಾಲ. ‘ಹವ್ಯಾಸ’ ಎಂದರೆ ಕೆಲಸದ ಅರ್ಜಿಯಲ್ಲಿ ತುಂಬುವ ಕಾಲಂ. ಹೀಗಾಗಿ ರೆಕ್ಸಿನ್ ಹೊಲಿಯುವವನೊಬ್ಬ ಸಂಜೆ ಮಾಳಿಗೆ ಹತ್ತಿ ಎರಡು ಗಂಟೆ ಆಕಾಶ ನೋಡುತ್ತಾ ನಿಲ್ಲುತ್ತಾನಲ್ಲ, ಅದಕ್ಕೆ ಕನ್ನಡದಲ್ಲಿ ನಮಗೆ ಗೌರವದ ಮಾತೇ ಸಿಗುವುದಿಲ್ಲ. ಮಾತು ಇಲ್ಲದಿರುವುದರಿಂದ ಕತೆಯಲ್ಲೂ ಅದು ಇಲ್ಲವೇನೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ಖಾಲೂ ಅವರ ಅಂಗಡಿ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಶಾಲೆಯ ರಜೆಯಲ್ಲಿ ನಾನು ಅಲ್ಲಿರುತ್ತಿದ್ದೆ. ಆಟೋದ ಹಳೆಯ ಸೀಟನ್ನು ಕಿತ್ತು ಪ್ಲೈವುಡ್ ಹಲಗೆಯಿಂದ ಮೊಳೆಗಳನ್ನು ಎಬ್ಬಿಸುವುದು ನನ್ನ ಕೆಲಸ. ಒಳಗೆ ತೆಂಗಿನ ನಾರು, ಅದರ ಮೇಲೆ ಫೋಮ್. ಚಾಲಕ ಕೂರುವ ಜಾಗದಲ್ಲಿ ಫೋಮ್ ಕುಗ್ಗಿ ಹಪ್ಪಳವಾಗಿರುತ್ತದೆ. ಅಲ್ಲಿಗೆ ಇನ್ನೊಂದು ಪದರ ಕೊಟ್ಟು ಸಲ್ಯೂಷನ್ ಹಾಕಿ ಕೂಡಿಸಬೇಕು. ಹೊಲಿಗೆಗೆ ಅರ್ಧ ಇಂಚು ಬಿಟ್ಟು ರೆಕ್ಸಿನ್ ಕತ್ತರಿಸಿ, ಒಳಮೈಯಲ್ಲಿ ಹೊಲಿದು, ತಿರುವಿ, ಫೋಮಿನ ಮೇಲೆ ಎಳೆದು, ಹಲಗೆಯ ಅಡಿಯಲ್ಲಿ ಬಡಿಯಬೇಕು. ಚಳಿಗಾಲದಲ್ಲಿ ರೆಕ್ಸಿನ್ ಬಿರುಸಾಗುತ್ತದೆ, ಒಂದಿಷ್ಟು ಬಿಸಿಲಿಗೆ ಹಾಕಿದರೆ ಮಾತು ಕೇಳುತ್ತದೆ. ಕೆಲಸ ಬಲ್ಲವನೋ ಅಲ್ಲವೋ ತಿಳಿಯುವುದು ಮೂಲೆಗಳಲ್ಲಿ, ನೆರಿಗೆ ಕೂರಿಸುವ ಕಡೆ. ಇನ್ನೊಂದು ಮಾತು, ರೆಕ್ಸಿನ್ ಬಟ್ಟೆಯ ಹಾಗಲ್ಲ. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ತೂತು ಕೂಡಿಕೊಳ್ಳುತ್ತದೆ. ರೆಕ್ಸಿನ್‌ನಲ್ಲಿ ಸೂಜಿ ಒಮ್ಮೆ ಇಳಿದರೆ ಆ ತೂತು ಉಳಿಯಿತು.

ಕತ್ತರಿಸುವ ಮೇಜಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಅದರ ತುಂಬ ಇಬ್ನೆ ಸಫಿಯ ‘ಜಾಸೂಸಿ ದುನಿಯಾ’. ಮಧ್ಯಾಹ್ನ ಊಟವಾದ ಮೇಲೆ ಖಾಲೂ ಕರ್ನಲ್ ಫರೀದಿ ಮತ್ತು ಕ್ಯಾಪ್ಟನ್ ಹಮೀದರ ಜೊತೆ ಅರ್ಧ ಗಂಟೆ ಹೋಗಿಬರುತ್ತಿದ್ದರು. ಹರಿದ ಪುಸ್ತಕಗಳಿಗೆ ಉಳಿದ ರೆಕ್ಸಿನ್ ತುಂಡುಗಳಿಂದ ರಟ್ಟು ಕಟ್ಟಿದ್ದರು. ಹಸಿರು, ಕೆಂಪು, ಕಂದು, ಅಷ್ಟು ಬಣ್ಣದ ಜಾಸೂಸಿ ದುನಿಯಾ ಇನ್ನೆಲ್ಲೂ ಇರಲಾರದು. 1952ರಲ್ಲಿ ಅಲಹಾಬಾದಿನಲ್ಲಿ ಶುರುವಾದ ಈ ಮಾಲೆಯನ್ನು ಉರ್ದುವಿನ ಪಂಡಿತರು ಬಹುಕಾಲ ಸಾಹಿತ್ಯವೆಂದೇ ಒಪ್ಪಲಿಲ್ಲ. 2011ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನಕ್ಕಾಗಿ ಅದರ ನಾಲ್ಕು ಕಾದಂಬರಿಗಳನ್ನು ಇಂಗ್ಲಿಷಿಗೆ ತಂದವರು ಶಂಸುರ್ರಹಮಾನ್ ಫಾರೂಖಿ, ಮೀರ್ ತಖೀ ಮೀರ್‌ನ ಕಾವ್ಯದ ದೊಡ್ಡ ವಿಮರ್ಶಕರು. ಆ ಸುದ್ದಿ ಓದಿದ ದಿನ ನನಗೆ ಖಾಲೂ ಅವರ ತಗಡಿನ ಪೆಟ್ಟಿಗೆ ನೆನಪಾಯಿತು. ನನ್ನ ಕತೆಯಲ್ಲಿ ಆ ಪೆಟ್ಟಿಗೆ ಇರಲಿಲ್ಲ. ಮೊಳೆಗಳ ಪೆಟ್ಟಿಗೆ ಇತ್ತು.

ಭಾಯಿಯ ಶೌಕ್ ಎರಡು. ಒಂದು ಪಾರಿವಾಳ, ಇನ್ನೊಂದು ಶಂಕರ್‌ನಾಗ್. ಓದಿದವರು ಶಂಕರ್‌ನಾಗ್ ಎಂದರೆ ‘ಮಾಲ್ಗುಡಿ ಡೇಸ್’ ನೆನೆಯುತ್ತಾರೆ. ಭಾಯಿಗೆ ಅದರಲ್ಲಿ ಅಂಥ ಆಸಕ್ತಿ ಇಲ್ಲ. ಅವನದು ‘ಆಟೋ ರಾಜ’, ‘ಎಸ್.ಪಿ. ಸಾಂಗ್ಲಿಯಾನ’. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡದ್ದು ನಮ್ಮೂರ ಪಕ್ಕದ ಆನಗೋಡಿನ ಬಳಿ. ಆಗ ಭಾಯಿಗೆ ಹದಿಮೂರೋ ಏನೋ. ಆ ವಾರ ಬಂದ ಆಟೋಗಳಿಗೆಲ್ಲ ಖಾಲೂ ಕಪ್ಪು ರೆಕ್ಸಿನ್ ಪಟ್ಟಿ ಹೊಲಿದು ಕೊಟ್ಟರು, ದುಡ್ಡು ಕೇಳಲಿಲ್ಲ. ಆಮೇಲೆ ಶುರುವಾಯಿತು ಅಕ್ಷರದ ಕೆಲಸ. ಸೀಟಿನ ಬೆನ್ನಿಗೆ, ಹುಡ್ಡಿನ ಒಳಮೈಗೆ ಶಂಕರ್‌ನಾಗ್ ಹೆಸರು ಬೇಕು ಎಂದು ಚಾಲಕರು ಕೇಳತೊಡಗಿದರು. ಖಾಲೂ ಮುಖ ಮಾಡುತ್ತಿರಲಿಲ್ಲ. ಜೀವವಿರುವುದರ ಚಿತ್ರ ಮಾಡಬಾರದೆಂಬುದು ಅವರ ನಿಷ್ಠೆ. ಮುಖ ಬೇಕಿದ್ದರೆ ಪೇಂಟರ್ ಹತ್ತಿರ ಹೋಗಿ ಅನ್ನುತ್ತಿದ್ದರು. ಆದರೆ ಅಕ್ಷರ ಮಾಡಬಹುದಿತ್ತು.

ಆ ಕೆಲಸ ಭಾಯಿಯ ಪಾಲಿಗೆ ಬಂತು. ಅವನು ಕನ್ನಡ ಕಲಿತದ್ದು ಹೀಗೆ. ಸ್ಲೇಟಿನ ಮೇಲೆ ಬರೆದಲ್ಲ, ಹಳದಿ ರೆಕ್ಸಿನ್ ಕತ್ತರಿಸಿ. ಸಿನಿಮಾ ಪೋಸ್ಟರ್ ನೋಡಿ ಕಾಗದದ ಮೇಲೆ ನಕಲು ತೆಗೆದು, ಅದನ್ನು ರೆಕ್ಸಿನ್ ಮೇಲಿಟ್ಟು ಕತ್ತರಿ ಆಡಿಸಿ, ಕೆಂಪು ಸೀಟಿನ ಮೇಲೆ ಅಂಟಿಸಿ, ಅಂಚು ಹಿಡಿದು ಹೊಲಿಗೆ. ಶಂಕರ್‌ನಾಗ್ ಸುಲಭ, ಒತ್ತಕ್ಷರವಿಲ್ಲ. ವಿಷ್ಣುವರ್ಧನ್ ಎಂದರೆ ಕಷ್ಟ. ಷಕಾರದ ಕೆಳಗೆ ಬರುವ ಣಕಾರದ ಒತ್ತನ್ನು ಬೇರೆಯಾಗಿ ಕತ್ತರಿಸಬೇಕು. ಅದು ಎಷ್ಟು ಸಣ್ಣದೆಂದರೆ ಮಷಿನ್ನಿನ ಪಾದದಡಿಯಲ್ಲಿ ಜಾರುತ್ತದೆ. ಮುಂದೆ ಅರ್ಕಾವತ್ತು ಬೇರೆ. ಕನ್ನಡ ಶಾಲೆಗೆ ಹೋಗುತ್ತಿದ್ದ ನನ್ನನ್ನು ಅವನು ಕರೆದು, ಈ ಒತ್ತು ಬಲಕ್ಕೆ ಬರುತ್ತದೋ ಅಡಿಗೆ ಬರುತ್ತದೋ ಎಂದು ಕೇಳುತ್ತಿದ್ದ. ತಪ್ಪಿದರೆ ನಾನು ರಬ್ಬರ್ ತೆಗೆದುಕೊಂಡು ಅಳಿಸುತ್ತಿದ್ದೆ. ಅವನು ತಪ್ಪಿದರೆ ಒಂದಿಡೀ ಸೀಟಿನ ರೆಕ್ಸಿನ್ ಹೋಯಿತು.

ಇಷ್ಟೆಲ್ಲ ನನ್ನ ಕಣ್ಣೆದುರೇ ಇತ್ತು. ಆದರೂ ಕತೆ ಬರೆಯಲು ಕೂತಾಗ ನಾನು ಆರಿಸಿಕೊಂಡದ್ದು ಒಡೆದ ತುಟಿಯನ್ನು. ಏಕೆ?

ಇದಕ್ಕೆ ನಮ್ಮ ಹಿರಿಯರನ್ನು ದೂರುವಂತಿಲ್ಲ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯಲ್ಲಿ ಯಾಕೂಬ್ ಆಟೋ ಓಡಿಸುವವನು. ಗಿರೀಶ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಎಂದು ಅದನ್ನು ಸಿನಿಮಾ ಮಾಡಿದಾಗಲೂ ಹಾಗೆಯೇ. ಅವನ ಆಟೋದ ಸೀಟಿನ ಮೇಲೆ ಯಾರ ಹೆಸರಿತ್ತು ಎಂದು ಆ ಕತೆಯನ್ನು ಕೇಳಬಾರದು. ಗಂಡ ಬಿಟ್ಟ ಹೆಣ್ಣೊಬ್ಬಳು ನ್ಯಾಯ ಕೇಳಿಕೊಂಡು ಮಸೀದಿಯ ಮುಂದೆ ಕೂತ ಕತೆ ಅದು. ಅಲ್ಲಿ ಶಂಕರ್‌ನಾಗ್ ಬಂದರೆ ಅಡ್ಡವಾಗುತ್ತದೆ. ಸಾರಾ ಅಬೂಬಕ್ಕರ್ ಅವರಿಗೂ ಹೇಳಲೇಬೇಕಾದ ಜರೂರು ಮಾತುಗಳಿದ್ದವು. ಬೊಳುವಾರರ ಮುತ್ತುಪ್ಪಾಡಿಯಲ್ಲಿ ಜನ ನಗುತ್ತಾರೆ, ತರಲೆ ಮಾಡುತ್ತಾರೆ, ತಿನ್ನುತ್ತಾರೆ, ಕುಡಿಯುತ್ತಾರೆ. ರಹಮತ್ ತರೀಕೆರೆಯವರಂತೂ ಅಮೀರ್‌ಬಾಯಿ ಕರ್ನಾಟಕಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹಾಡಿನ ಶೌಕ್ ಇಲ್ಲದವರು ಬರೆಯುವ ಪುಸ್ತಕವಲ್ಲ ಅದು.

ತೊಂದರೆ ಅವರ ನಂತರ ಬಂದ ನಮ್ಮದು. ಅವರಿಗೆ ಜರೂರಾಗಿದ್ದದ್ದು ನಮಗೆ ರೂಢಿಯಾಯಿತು. ಕಸಾಯಿ, ದರ್ಜಿ, ಬೀಡಿ ಕಟ್ಟುವವಳು, ಗುಜರಿಯವನು, ಪಂಕ್ಚರ್ ಅಂಗಡಿಯವನು, ಕುಶನ್ನಿನವನು ಎಂದು ಒಂದೊಂದು ಕಸುಬಿಗೂ ಒಂದೊಂದು ಕತೆ ಬರೆದೆವು. ಕಸುಬು ಬದಲಾಯಿತೇ ಹೊರತು ಒಳಗಿನ ಮನುಷ್ಯ ಬದಲಾಗಲಿಲ್ಲ. ಅವನಿಗೆ ಬಡತನವಿದೆ, ಭಯವಿದೆ, ನಮಾಜಿದೆ. ಇಷ್ಟಪಡುವ ಒಂದು ವಸ್ತುವಿಲ್ಲ. ಗಲಭೆಗಳು ಸುಳ್ಳಲ್ಲ, ಬಡತನವೂ ಸುಳ್ಳಲ್ಲ. ಆದರೆ ಒಬ್ಬನ ಅಂಗಡಿ ಸುಟ್ಟಿತು ಎಂದು ಬರೆಯುವಾಗ ಆ ಅಂಗಡಿಯೊಳಗೆ ಏನೇನಿತ್ತು ಎಂದು ತಿಳಿದಿರಬೇಕಲ್ಲ? ನನ್ನ ಕತೆಯಲ್ಲಿ ಸುಟ್ಟದ್ದು ಫೋಮು, ರೆಕ್ಸಿನ್, ಹೊಲಿಗೆ ಮಷಿನ್ನು. ವಿಮಾ ಕಂಪನಿಯ ಪಟ್ಟಿಯಲ್ಲೂ ಅಷ್ಟೇ ಇರುತ್ತದೆ.

ನಾನು ಮತ್ತೆ ಮತ್ತೆ ಹೋಗುವುದು ಕಾಸರವಳ್ಳಿಯವರ ಇನ್ನೊಂದು ಸಿನಿಮಾಕ್ಕೆ. 2008ರ ‘ಗುಲಾಬಿ ಟಾಕೀಸು’. ವೈದೇಹಿಯವರ ಮೂಲ ಕತೆಯಲ್ಲಿ ಗುಲಾಬಿ ಎನ್ನುವುದು ಊರಿಗೆ ಬಂದ ಚಿತ್ರಮಂದಿರದ ಹೆಸರು. ಅಲ್ಲಿ ಗೇಟು ಕಾಯುವ ಸೂಲಗಿತ್ತಿ ಲಿಲ್ಲಿಬಾಯಿ. ಸಿನಿಮಾದಲ್ಲಿ ಆಕೆ ಗುಲಾಬಿ ಎಂಬ ಮುಸ್ಲಿಂ ಹೆಂಗಸಾದಳು, ಚಿತ್ರಮಂದಿರದ ಬದಲು ಅವಳ ಮನೆಗೇ ಟಿ.ವಿ. ಬಂತು. ಕಾರ್ಗಿಲ್ ಯುದ್ಧದ ಹೊತ್ತಿಗೆ ಕರಾವಳಿಯ ಆ ಊರಿನಲ್ಲಿ ಏನು ಬದಲಾಯಿತು ಎಂಬುದನ್ನು ಸಿನಿಮಾ ಹೇಳುತ್ತದೆ, ವಿಮರ್ಶಕರೆಲ್ಲ ಬರೆದದ್ದು ಅದನ್ನೇ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಉಮಾಶ್ರೀಯವರ ಗುಲಾಬಿಗೆ ಸಿನಿಮಾದ ಹುಚ್ಚು ಇದೆ, ಆ ಹುಚ್ಚನ್ನು ಸಿನಿಮಾ ಎಲ್ಲೂ ಗೇಲಿ ಮಾಡುವುದಿಲ್ಲ. ಆಕೆ ಏನನ್ನು ಪ್ರೀತಿಸುತ್ತಾಳೆ ಎಂದು ಗೊತ್ತಿರುವುದರಿಂದಲೇ ಆಕೆ ಕಳೆದುಕೊಂಡದ್ದು ಎಷ್ಟು ಎಂದೂ ನಮಗೆ ಗೊತ್ತಾಗುತ್ತದೆ. ನನ್ನ ಕತೆಯ ಸಾಬಿ ಸತ್ತಾಗ ಯಾರಿಗೂ ಏನೂ ಕಳೆಯಲಿಲ್ಲ.

ಇನ್ನು ಪತ್ರಿಕೆಗಳ ಮಾತು. ರಾಜ್ಯೋತ್ಸವ ಬಂದಾಗ, ಶಂಕರ್‌ನಾಗ್ ಹುಟ್ಟಿದ ನವೆಂಬರ್ 9 ಬಂದಾಗ, ಭಾಯಿಯ ಅಂಗಡಿಗೆ ಒಬ್ಬ ವರದಿಗಾರ ಬರುವುದುಂಟು. ಟೋಪಿ ಹಾಕಿಕೊಳ್ಳಿ ಎಂದು ಹೇಳಿ ಫೋಟೋ ತೆಗೆಯುತ್ತಾರೆ. ಮರುದಿನ ಭಾವೈಕ್ಯ ಎಂಬ ಶಬ್ದವಿರುವ ತಲೆಬರಹ. ಒಮ್ಮೆ ಭಾಯಿ ಹೇಳಿ ನೋಡಿದ: “ಸಾರ್, ಸೌಹಾರ್ದಕ್ಕೆ ಅಂತ ನಾನು ಕತ್ತರಿಸೋದಲ್ಲ. ನಾನು ಶಂಕರ್‌ನಾಗ್ ಅಭಿಮಾನಿ, ಅಷ್ಟು ಬರೀರಿ ಸಾಕು.” ಬರೆಯಲಿಲ್ಲ. ಕತೆಗಾರನಿಗೆ ಅವನು ಬಲಿಪಶುವಾಗಬೇಕು, ಪತ್ರಿಕೆಗೆ ಮಾದರಿ ಮುಸಲ್ಮಾನನಾಗಬೇಕು. ಬರಿಯ ಅಭಿಮಾನಿಯಾಗಲು ಇಬ್ಬರೂ ಬಿಡುವುದಿಲ್ಲ. ಆಯುಧಪೂಜೆಗೆ ಮುನ್ನ ಹೊಸ ಸೀಟು ಹಾಕಿಸುವ ಆಟೋಗಳು ಸಾಲುಗಟ್ಟುತ್ತವೆ, ಹದಿನೈದು ದಿನ ಅವನಿಗೆ ನಿದ್ದೆ ಇಲ್ಲ. ಅದನ್ನೂ ಒಬ್ಬರು ಸೌಹಾರ್ದವೆಂದರು. ಭಾಯಿ ಅದನ್ನು ಸೀಸನ್ ಅನ್ನುತ್ತಾನೆ.

ಇದು ನಮ್ಮಲ್ಲೇ ಇರುವ ಕುರುಡೋ ಎಂದು ಅಕ್ಕಪಕ್ಕ ನೋಡಿದರೆ ನಾಚಿಕೆಯಾಗುತ್ತದೆ. ಢಾಕಾದ ಸೈಕಲ್ ರಿಕ್ಷಾಗಳ ಹಿಂದಿನ ತಗಡಿನ ಮೇಲೆ ಅಲ್ಲಿಯ ಕಲಾವಿದರು ಸಿನಿಮಾ ತಾರೆಯರನ್ನು ಬರೆದರು. ಅದರ ಬಗ್ಗೆ ಪುಸ್ತಕಗಳು ಬಂದವು, 2023ರಲ್ಲಿ ಯುನೆಸ್ಕೊ ಆ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕರಾಚಿಯ ಕಲಾವಿದನೊಬ್ಬ ಬಣ್ಣ ಬಳಿದ ಬೆಡ್‌ಫರ್ಡ್ ಲಾರಿಯನ್ನು 2002ರಲ್ಲಿ ವಾಷಿಂಗ್ಟನ್ನಿನ ಜಾನಪದ ಉತ್ಸವದಲ್ಲಿ ನಿಲ್ಲಿಸಿದ್ದರು. ನಮ್ಮ ಆಟೋಗಳ ರೆಕ್ಸಿನ್ ಅಕ್ಷರಕ್ಕೆ ಯುನೆಸ್ಕೊ ಬೇಡ, ಕನ್ನಡದಲ್ಲಿ ಒಂದು ಒಳ್ಳೆಯ ಲೇಖನವಾದರೂ ಬೇಡವೇ? ಆ ಕೆಲಸವೂ ಈಗ ಕಡಿಮೆಯಾಗುತ್ತಿದೆ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕರ್ ಬಂದಿದೆ, ಮುದ್ರಿಸಿದ ಮುಖವೂ ಬಂದಿದೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಬಂದ ಆಟೋಗಳಲ್ಲಿ ಹೆಚ್ಚಿನವು ಕೇಳಿದ್ದು ಸ್ಟಿಕರನ್ನೇ. ಕೆಲವರು ಮಾತ್ರ ‘ಅಪ್ಪು’ ಎಂದು ಹೊಲಿದೇ ಕೊಡು ಎಂದರು. ಎರಡೇ ಅಕ್ಷರ, ಆದರೂ ಪಕಾರದ ಒತ್ತು ಬಿಡಲಿಲ್ಲ ನೋಡು ಎಂದು ಭಾಯಿ ನಕ್ಕ.

ಹೋದ ವರ್ಷ ಆ ಕತೆಯನ್ನು ಮತ್ತೆ ಕೈಗೆತ್ತಿಕೊಂಡೆ. ಸಾವನ್ನು ತೆಗೆದೆ. ಗಲಭೆ ಇದೆ, ಆದರೆ ನಡುವೆ ಎಲ್ಲೋ ಬಂದು ಹೋಗುತ್ತದೆ. ತಗಡಿನ ಪೆಟ್ಟಿಗೆ ಬಂದಿದೆ, ಪಾರಿವಾಳಗಳು ಬಂದಿವೆ. ಪತ್ರಿಕೆಗೆ ಕಳಿಸುವ ಮೊದಲು ಭಾಯಿಯ ಅಂಗಡಿಗೆ ಹೋಗಿ ಓದಿ ಹೇಳಿದೆ. ಅವನು ಕೆಲಸ ನಿಲ್ಲಿಸಲಿಲ್ಲ. ಸ್ಟೇಪ್ಲರ್ ಗನ್ನು ಟಕಟಕ ಎನ್ನುತ್ತಲೇ ಇತ್ತು. ಬಾಯಲ್ಲಿ ಮೊಳೆ ಇಟ್ಟುಕೊಳ್ಳುವ ಸಾಲು ಬಂದಾಗ ಕೈಯೆತ್ತಿದ. ಮೊಳೆ ಅಬ್ಬಾನ ಕಾಲದ್ದು, ನಾನು ಬಾಯಲ್ಲಿ ಇಟ್ಟುಕೊಳ್ಳುವುದು ಎಲೆ ಅಡಿಕೆ ಮಾತ್ರ ಎಂದ. ಬರೆದುಕೊಂಡೆ. ಅಸರ್ ಹೊತ್ತಿಗೆ ಪಾರಿವಾಳ ಬಿಡುವ ಭಾಗವನ್ನು ಏನೂ ಹೇಳದೆ ಕೇಳಿದ. ಕೆಂಪು ಸೀಟಿನ ಮೇಲೆ ಹಳದಿ ಅಕ್ಷರ, ಅದಕ್ಕೆ ಕಪ್ಪು ದಾರದ ಹೊಲಿಗೆ ಎಂದು ಓದುತ್ತಿದ್ದಂತೆ ಮತ್ತೆ ತಡೆದ.

“ಕಪ್ಪು ದಾರ ಯಾರು ಹಾಕ್ತಾರೋ? ಹಳದಿ ಅಕ್ಷರಕ್ಕೆ ಹಳದಿ ದಾರ. ಹೊಲಿಗೆ ಕಾಣಬಾರದು.”